ಕಣ್ಣಿಗೆ ಬೀಳುವ ಬಣ್ಣ

ಹೆಣ್ಣುಮಕ್ಕಳು ಬೈಸಿಕಲ್ಲು ಹತ್ತಬಹುದೇ ಎಂಬ ಚರ್ಚೆ ನಮ್ಮಲ್ಲಿ ಮುಗಿದು ಬಹುಕಾಲವಾಯಿತು. 2006ರಲ್ಲಿ ಸರ್ಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಬೈಸಿಕಲ್ಲುಗಳನ್ನು ಹಂಚತೊಡಗಿದ ಮೇಲೆ ಹಳ್ಳಿಯ ಹುಡುಗಿಯರು ಸಾಲಾಗಿ ಪೆಡಲು ತುಳಿಯುತ್ತ ಹೈಸ್ಕೂಲಿಗೆ ಹೋಗುವ ನೋಟ ನಮ್ಮ ಕಣ್ಣಿಗೆ ಬಳಕೆಯಾಯಿತು. ಉಡುಪಿನ ಆಕಾರದ ಜಗಳವೂ ಹಳೆಯದೇ. ಇಂಗ್ಲೆಂಡಿನಲ್ಲಿ 1898ರಲ್ಲಿ ಲೇಡಿ ಹಾರ್ಬರ್ಟನ್ ಎಂಬಾಕೆಯು ಲಂಗವನ್ನು ಬಿಟ್ಟು ಸಡಿಲವಾದ ಇಜಾರವನ್ನು ತೊಟ್ಟು, ಬೈಸಿಕಲ್ಲಿನ ಮೇಲೆ ಸರ್ರೆ ಪ್ರಾಂತದ ಓಕಮ್ ಎಂಬ ಊರಿನ ಹೋಟೆಲಿಗೆ ಹೋದಳು. ಹೋಟೆಲಿನ ಒಡತಿಯು ಆಕೆಯನ್ನು ಕಾಫಿಯ ಕೊಠಡಿಗೆ ಸೇರಿಸದೆ ಬಾರಿನ ಪಕ್ಕದ ಕೋಣೆಯನ್ನು ತೋರಿಸಿದಳು. 1899ರಲ್ಲಿ ಮೊಕದ್ದಮೆ ನ್ಯಾಯಸ್ಥಾನದ ವರೆಗೆ ಹೋಗಿ ಒಡತಿಯೇ ಗೆದ್ದಳು. ಗೆದ್ದು ಬಂದ ಲಾಭವೇನು? ಇಜಾರವೇ ಉಳಿಯಿತು, ಒಡತಿಯ ಹೆಸರನ್ನು ಇಂದು ಕೇಳುವವರಿಲ್ಲ.

ಈಗ ಉಳಿದಿರುವುದು ಬಣ್ಣದ ಪ್ರಶ್ನೆ. ಇದು ಅಲ್ಪವಿಷಯ, ದರ್ಜಿಗಳಿಗೂ ಜವಳಿ ವರ್ತಕರಿಗೂ ಬಿಟ್ಟ ಮಾತು, ಸಾಹಿತ್ಯಪತ್ರಿಕೆಗೆ ತಕ್ಕುದಲ್ಲ ಎಂದು ಕೆಲವು ವಾಚಕರು ನಗಬಹುದು. ಅಂಥವರು ತಮ್ಮ ಮಗಳೋ ಸೊಸೆಯೋ ಬೆಳಗಿನ ಐದೂವರೆಗೆ ಬೈಸಿಕಲ್ಲನ್ನೋ ಓಟದ ಬೂಟುಗಳನ್ನೋ ತೆಗೆದುಕೊಂಡು ಹೆದ್ದಾರಿಗೆ ಹೊರಟಾಗ ಮೈಮೇಲೆ ಯಾವ ಬಣ್ಣವಿದೆಯೆಂದು ಒಮ್ಮೆ ನೋಡಲಿ. ಬೂದಿಯ ಬಣ್ಣ, ಕಪ್ಪು, ಕಡುನೀಲಿ, ಗಾಢ ಕಂದು. ಹತ್ತರಲ್ಲಿ ಎಂಟು ಮನೆಗಳಲ್ಲಿ ಇವೇ ಇರುವುವೆಂದು ನನ್ನ ಎಣಿಕೆ. ಏಕೆ? "ಕಣ್ಣಿಗೆ ಹೊಡೆಯುವ ಬಣ್ಣ ಬೇಡಮ್ಮ, ನಾಲ್ಕು ಜನ ನೋಡುತ್ತಾರೆ" ಎಂದು ಮನೆಯ ಹಿರಿಯರು ಹೇಳಿದ್ದಾರೆ. ಮರ್ಯಾದಸ್ಥರ ಮನೆಯ ಹೆಣ್ಣು ಹೊರಗೆ ಹೊರಟರೂ ಹೊರಡದಂತಿರಬೇಕು, ಕಂಡರೂ ಕಾಣದಂತಿರಬೇಕು ಎಂಬುದು ಈ ಉಪದೇಶದ ತಿರುಳು.

ಈ ಉಪದೇಶವನ್ನೇ ನಾನು ಖಂಡಿಸಹೊರಟಿದ್ದೇನೆ. ನಾಲ್ಕು ಜನರ ಕಣ್ಣಿಗೆ ಬೀಳದಂತೆ ಮಾಡಿದ ಉಡುಪು ಐದನೆಯವನಾದ ಲಾರಿಯವನ ಕಣ್ಣಿಗೂ ಬೀಳದು. ಬೀದಿಯ ಪೋಲಿಗಳ ನೋಟಕ್ಕೆ ಒಂದು ಕಣ್ಣು, ವಾಹನ ನಡೆಸುವವನಿಗೆ ಬೇರೊಂದು ಕಣ್ಣು ಎಂದು ಬ್ರಹ್ಮನು ವಿಂಗಡಿಸಿ ಕೊಟ್ಟಿಲ್ಲ. ಪೋಲಿಯು ಬೂದುಬಣ್ಣವನ್ನು ಕಂಡು ತಲೆ ತಗ್ಗಿಸುವನೆಂಬುದಕ್ಕೆ ಸಾಕ್ಷ್ಯವೇನಾದರೂ ಉಂಟೇ? ಯಾವ ಹೆಣ್ಣುಮಗಳನ್ನು ಕೇಳಿದರೂ ಉತ್ತರ ದೊರೆಯುವುದು. ಹೀಗಾಗಿ ಈ ಮಾಸಲು ಬಣ್ಣವು ಯಾರಿಂದ ಮರೆಮಾಡಬೇಕೋ ಅವರಿಂದ ಮರೆಮಾಡುವುದಿಲ್ಲ. ಯಾರಿಗೆ ಕಾಣಿಸಬೇಕೋ ಅವರಿಗೆ ಮಾತ್ರ ಕಾಣಿಸುವುದಿಲ್ಲ.

ಕಣ್ಣಿನ ಧರ್ಮವನ್ನು ಸ್ವಲ್ಪ ವಿಚಾರಿಸೋಣ. ಬೆಳಕು ಕುಗ್ಗಿದಂತೆ ನಮ್ಮ ಕಣ್ಣು ಕೆಂಪನ್ನು ಮೊದಲು ಕಳೆದುಕೊಳ್ಳುವುದು. ನೀಲಿ, ಹಸುರುಗಳನ್ನು ಇನ್ನೂ ಕೆಲಹೊತ್ತು ಹಿಡಿದಿರುವುದು. ಮಧ್ಯಾಹ್ನ ಧಗಧಗಿಸುವ ಕುಂಕುಮದ ಬಣ್ಣದ ದುಪಟ್ಟವು ಮುಸ್ಸಂಜೆಯಲ್ಲಿ ಕಪ್ಪಾಗಿ ಕಾಣುವುದು ಈ ಕಾರಣದಿಂದ. ಆದುದರಿಂದ "ನಮ್ಮ ಹುಡುಗಿ ಕೆಂಪು ತೊಟ್ಟಿದ್ದಾಳೆ, ಭಯವಿಲ್ಲ" ಎಂಬ ನೆಮ್ಮದಿಯೂ ಸಲ್ಲದು. ಫ್ಲೋರೊಸೆಂಟ್ ಎಂದು ಕರೆಯುವ ಹೊಳಪಿನ ಹಳದಿ, ಕಿತ್ತಳೆ, ಗುಲಾಬಿ ಬಣ್ಣಗಳು ಬಿಸಿಲಿನಲ್ಲಿರುವ, ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳನ್ನು ಹೀರಿ, ಕಾಣುವ ಬೆಳಕಾಗಿ ಹಿಂದಕ್ಕೆ ಕೊಡುವುವು. ಆದ್ದರಿಂದಲೇ ಮೋಡದ ದಿನವೂ ಅವು ಉರಿಯುವಂತೆ ತೋರುವುವು. ಸೂರ್ಯನು ಮುಳುಗಿದ ಮೇಲೆ ಮಾತ್ರ ಆ ಸೊಬಗು ನಡೆಯದು. ಆಗ ಬೇಕಾದುದು ಮೋಟಾರಿನ ದೀಪವನ್ನು ಅದು ಬಂದ ದಿಕ್ಕಿಗೇ ಹಿಂದಿರುಗಿಸುವ ರಿಫ್ಲೆಕ್ಟರ್ ಪಟ್ಟಿ. ಈ ಪಟ್ಟಿಗೆ ತಕ್ಕ ಸ್ಥಳ ಬೆನ್ನೊಂದೇ ಅಲ್ಲ. ಪಾದದ ಗಂಟಿನ ಮೇಲೆ ಕಟ್ಟಿದರೆ ಪೆಡಲಿನೊಡನೆ ಅದು ಮೇಲೆ ಕೆಳಗೆ ಆಡುವುದರಿಂದ, ಮುಂದಿರುವುದು ಮೈಲಿಗಲ್ಲಲ್ಲ, ಮನುಷ್ಯಪ್ರಾಣಿ ಎಂದು ದೂರದಿಂದಲೇ ತಿಳಿಯುವುದು.

ಡೆನ್ಮಾರ್ಕ್ ದೇಶದಲ್ಲಿ 2012–13ರಲ್ಲಿ ಇದನ್ನು ಪ್ರಯೋಗದಿಂದ ನೋಡಿದರು. ಸುಮಾರು 6,800 ಮಂದಿ ಸವಾರರನ್ನು ಎರಡು ಪಂಗಡ ಮಾಡಿ, ಒಂದಕ್ಕೆ ಹೊಳೆಯುವ ಹಳದಿಯ ಜಾಕೀಟುಗಳನ್ನು ಕೊಟ್ಟು ಒಂದು ವರ್ಷದ ಲೆಕ್ಕವಿಟ್ಟರು. ಜಾಕೀಟಿನವರಲ್ಲಿ ಗಾಯದ ಅಪಘಾತಗಳು ಗಮನಾರ್ಹವಾಗಿ ಕಡಮೆಯಾಗಿದ್ದುವು. ಅಪಘಾತವನ್ನು ಸವಾರರೇ ವರದಿಮಾಡಿದ್ದರಿಂದ ಲೆಕ್ಕದಲ್ಲಿ ಕೊಂಚ ಕಳೆಯಬೇಕೆಂದು ಸಂಶೋಧಕರೇ ಒಪ್ಪಿ ಕಳೆದರು. ಕಳೆದ ಮೇಲೂ ಲಾಭವೇ ಉಳಿಯಿತು. ಇಷ್ಟು ಹೇಳಿದೊಡನೆ, "ಹಾಗಾದರೆ ಗುದ್ದಿಸಿಕೊಂಡವಳದೇ ತಪ್ಪೆನ್ನುವಿರಾ?" ಎಂದು ಯಾರಾದರೂ ಕೇಳಿಯಾರು. ಎಂದಿಗೂ ಇಲ್ಲ. ನೋಡಿ ನಡೆಸುವ ಹೊಣೆ ನಡೆಸುವವನದು. ಉಡುಪಿನ ಬಣ್ಣವನ್ನು ತೋರಿಸಿ ಅವನು ತಪ್ಪಿಸಿಕೊಳ್ಳಲಾಗದು. ಆದರೆ ಅವನ ಹೊಣೆಯನ್ನು ಅವನು ಮರೆತ ದಿನ ನಮ್ಮ ಹುಡುಗಿಯ ಪಾಲಿಗೆ ಉಳಿಯುವ ಒಂದೆರಡು ಕ್ಷಣಗಳನ್ನು ಮನೆಯವರೇ ಮರ್ಯಾದೆಯ ಹೆಸರಿನಲ್ಲಿ ಕಿತ್ತುಕೊಳ್ಳುವುದು ಯಾವ ನ್ಯಾಯ?

ಇನ್ನು ಮರ್ಯಾದೆಯ ಮಾತು. ಮಾಸಲು ಬಣ್ಣವೇ ಸಂಪ್ರದಾಯವೆಂದು ಹೇಳುವವರು ತಮ್ಮ ಅಜ್ಜಿಯರ ಪೆಟ್ಟಿಗೆಯನ್ನು ತೆರೆದು ನೋಡಬೇಕು. ಇಳಕಲ್ಲಿನ ಮಗ್ಗದಿಂದ ಬಂದ ದಾಳಿಂಬೆಗೆಂಪು, ನವಿಲಿನ ಬಣ್ಣ, ಗಿಳಿಹಸುರು. ಅದರ ಮೇಲೆ ರಕ್ತಗೆಂಪಿನ ಸೆರಗು. ಈ ಸೀರೆಗಳನ್ನುಟ್ಟೇ ಆ ತಾಯಂದಿರು ಎರೆಹೊಲದಲ್ಲಿ ಜೋಳ ಕೊಯ್ದರು, ಸಂತೆಗೆ ನಡೆದರು, ಜಾತ್ರೆಯ ತೇರಿನ ಮುಂದೆ ನಿಂತರು. ಹರಿದಾರಿ ದೂರದಿಂದ ಅವರು ಕಾಣುತ್ತಿದ್ದರು. ಅವರ ಮಾನಕ್ಕೆ ಯಾವ ಕೊರತೆಯೂ ಬರಲಿಲ್ಲ. ಹೊರಗೆ ದುಡಿಯುವ ಹೆಣ್ಣಿಗೆ ಮಂಕುಬಣ್ಣವೇ ಭೂಷಣವೆಂಬ ಧರ್ಮವನ್ನು ಈ ನೆಲದ ಮಗ್ಗಗಳು ಕೇಳಿದಂತೆ ತೋರುವುದಿಲ್ಲ.

ಮನೆಯವರ ಕಾಟ ಇದಾದರೆ, ಅಂಗಡಿಯವರದು ಬೇರೆ. ಗಂಡಸರ ಸಾಲಿನಲ್ಲಿ ಬಿಸಿಲಿನಂತಹ ಹಳದಿ, ಕೆಂಡದಂತಹ ಕಿತ್ತಳೆ. ಹೆಂಗಸರ ಸಾಲಿನಲ್ಲಿ ತೊಳೆದು ಬಿಳುಪೇರಿದಂತಹ ಗುಲಾಬಿ, ತೆಳುನೇರಳೆ. ಇದು ಹೆಂಗಸರ ಸಹಜ ರುಚಿಯೆಂದು ವರ್ತಕನು ಪ್ರಮಾಣ ಮಾಡುವನು. ಸಹಜವೆಂಬುದರ ಆಯುಷ್ಯ ಎಷ್ಟು, ಬಲ್ಲಿರಾ? ಅಮೆರಿಕದ ಜವಳಿ ವ್ಯಾಪಾರದ ಪತ್ರಿಕೆಯೊಂದು 1918ರಲ್ಲಿ ಗುಲಾಬಿಯು ಗಟ್ಟಿಯಾದ ಬಣ್ಣವಾದುದರಿಂದ ಗಂಡುಮಕ್ಕಳಿಗೆ, ನೀಲಿಯು ನಾಜೂಕಾದುದರಿಂದ ಹೆಣ್ಣುಮಕ್ಕಳಿಗೆ ಎಂದು ವಿಧಿಸಿತ್ತು. ಇಟಲಿಯ ಮಹಾ ಬೈಸಿಕಲ್ ಪಂದ್ಯದಲ್ಲಿ ಮುಂದಿರುವ ವೀರನಿಗೆ 1931ರಿಂದಲೂ ತೊಡಿಸುತ್ತಿರುವ ಗೌರವದ ಅಂಗಿ ಗುಲಾಬಿಯದೇ. ಪಂದ್ಯವನ್ನು ನಡೆಸಿದ ಪತ್ರಿಕೆಯು ಗುಲಾಬಿ ಕಾಗದದ ಮೇಲೆ ಅಚ್ಚಾಗುತ್ತಿದ್ದುದೇ ಅದಕ್ಕೆ ಕಾರಣ. ಆ ಅಂಗಿಗಾಗಿ ಮೀಸೆ ಹೊತ್ತ ಗಂಡಸರು ಆಲ್ಪ್ಸ್ ಪರ್ವತವನ್ನು ಹತ್ತಿ ಎದೆ ಒಡೆದುಕೊಂಡಿದ್ದಾರೆ.

ಹಾಗೆಂದು ಗುಲಾಬಿಯನ್ನು ನಾನು ಜರೆಯುವವನಲ್ಲ. 2016ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ಸಂಸ್ಥಾನವು ಬೇಟೆಗಾರರು ಕಿತ್ತಳೆಗೆ ಬದಲಾಗಿ ಉಜ್ವಲ ಗುಲಾಬಿಯನ್ನು ತೊಡಬಹುದೆಂದು ಶಾಸನ ಮಾಡಿತು. ಎಲೆಗಳು ಹಳದಿ ಕೆಂಪಾಗಿ ಮಾಗುವ ಶರತ್ಕಾಲದ ಕಾಡಿನಲ್ಲಿ ಗುಲಾಬಿಯು ಎದ್ದು ಕಾಣುವುದೆಂಬುದು ಒಳ್ಳೆಯ ವಾದ. ಆದರೆ ಶಾಸನ ತಂದವರು ಅಷ್ಟಕ್ಕೆ ನಿಲ್ಲದೆ, ಇದರಿಂದ ಹೆಂಗಸರು ಬೇಟೆಗೆ ಬರುವರೆಂದೂ ಸೇರಿಸಿದರು. ಬೇಟೆಯಾಡುವ ಹೆಂಗಸರಲ್ಲಿಯೇ ಕೆಲವರು ಸಿಟ್ಟಾದರು: ನಾವು ಬಂದೂಕನ್ನು ಹಿಡಿದದ್ದು ಬಣ್ಣಕ್ಕೆ ಮರುಳಾಗಿಯೇ? ಗುಲಾಬಿಯು ಕಣ್ಣಿಗೆ ಬೀಳುವುದೆಂದು ಕೊಟ್ಟರೆ ಉಪಕಾರ; ನೀನು ಹೆಣ್ಣೆಂದು ಕೊಟ್ಟರೆ ಅಪಮಾನ. ನಮ್ಮ ಅಂಗಡಿಗಳಲ್ಲಿ ಸಿಕ್ಕುವ ತೆಳುಗುಲಾಬಿಯಂತೂ ಕಣ್ಣಿಗೂ ಬೀಳದು, ಬರಿಯ ಎರಡನೆಯದಷ್ಟೇ.

ಬಿಳಿಯ ವಿಷಯವನ್ನು ಪತ್ರಿಕೆಗಳಲ್ಲಿ ಬರೆಯಲು ಹಿಂಜರಿಯುವರು. ಹಿಂಜರಿಕೆಯಿಂದಲೇ ಅದು ಇಷ್ಟುಕಾಲ ಬಾಳಿತು. ತಿಂಗಳ ಮುಟ್ಟಿನ ದಿನಗಳಲ್ಲಿ ಬಿಳಿಯ ಚಡ್ಡಿಯುಟ್ಟು ಸಾವಿರಾರು ಜನರ ಮುಂದೆ ಓಡಬೇಕಾದವಳ ಮನಸ್ಸು ಚೆಂಡಿನ ಮೇಲಿರುವುದು ಹೇಗೆ? ವಿಂಬಲ್ಡನ್ನಿನ ಟೆನ್ನಿಸ್ ಸಂಘವು ತಲೆಯಿಂದ ಕಾಲಿನ ವರೆಗೆ ಬಿಳಿಯೇ ಎಂಬ ವಿಧಿಯನ್ನು ಹಿಡಿದಿದ್ದು, ಒಳಚಡ್ಡಿ ಕಪ್ಪಾಗಿದ್ದರೂ ಆದೀತೆಂದು ಹೆಂಗಸರಿಗೆ ಒಪ್ಪಿಕೊಂಡದ್ದು 2022ರ ನವೆಂಬರಿನಲ್ಲಿ. ಇಂಗ್ಲೆಂಡಿನ ಹೆಂಗಸರ ಫುಟ್‌ಬಾಲ್ ತಂಡವು ತಾವೇ ಬೇಡಿದ ಮೇಲೆ 2023ರಲ್ಲಿ ಬಿಳಿಯ ಚಡ್ಡಿಯನ್ನು ಬಿಟ್ಟು ನೀಲಿಯನ್ನು ಪಡೆಯಿತು. ನಮ್ಮ ಮೈಸೂರಿನಲ್ಲಿಯೇ 2014ರ ನವೆಂಬರಿನಲ್ಲಿ ಮಿಥಾಲಿ ರಾಜರ ತಂಡವು ದಕ್ಷಿಣ ಆಫ್ರಿಕವನ್ನು ನಾಲ್ಕು ದಿನಗಳ ಟೆಸ್ಟ್ ಪಂದ್ಯದಲ್ಲಿ ಇನಿಂಗ್ಸಿನ ಅಂತರದಿಂದ ಸೋಲಿಸಿತು. ಉಡುಪು ಅಪ್ಪಟ ಬಿಳಿ. ಈ ಪದ್ಧತಿಯನ್ನು ಕಟ್ಟಿದ ಮಹನೀಯರಿಗೆ ಬಿಸಿಲಿನ ಲೆಕ್ಕವಿತ್ತು, ಬೆವರಿನ ಲೆಕ್ಕವಿತ್ತು. ಆಡುವವರಲ್ಲಿ ಹೆಂಗಸರೂ ಇದ್ದಾರೆಂಬ ಲೆಕ್ಕ ಮಾತ್ರ ಇರಲಿಲ್ಲ. ಬೈಸಿಕಲ್ಲಿನ ಪಂದ್ಯದವರು ಮೊದಲಿನಿಂದ ಕಪ್ಪು ಚಡ್ಡಿಯನ್ನು ಹಿಡಿದದ್ದು ಸರಪಣಿಯ ಜಿಡ್ಡು, ಆಸನದ ಕೊಳೆ ತೋರದಿರಲೆಂದು. ಗಂಡಸರ ಜಿಡ್ಡಿಗೆ ಸಿಕ್ಕಿದ ದಾಕ್ಷಿಣ್ಯ ಹೆಂಗಸರ ನೋವಿಗೆ ಸಿಕ್ಕಲು ನೂರು ವರ್ಷ ಬೇಕಾಯಿತು.

ಸೊಂಟದಿಂದ ಕೆಳಗೆ ಕಪ್ಪು, ಮೇಲೆ ಉರಿಯುವ ಬಣ್ಣ, ಪಾದದಲ್ಲಿ ಹೊಳೆಯುವ ಪಟ್ಟಿ: ರಸ್ತೆಯ ಮಟ್ಟಿಗೆ ನನ್ನ ಸಲಹೆ ಇಷ್ಟೇ, ಅದೂ ಸಲಹೆ ಮಾತ್ರ. ವಿಜಯಪುರ, ಬಾಗಲಕೋಟೆಗಳ ಕಡೆ ಹೆಣ್ಣುಮಕ್ಕಳು ಬೈಸಿಕಲ್ ಪಂದ್ಯಗಳಿಗೆಂದು ಲಾರಿಗಳ ನಡುವೆಯೇ ಅಭ್ಯಾಸ ಮಾಡುವರು. ಅವರಿಗೂ, ಊರೂರಿನ ಶಾಲೆಯ ಆಟದ ತಂಡಗಳಿಗೂ ಉಡುಪನ್ನು ಕೊಳ್ಳುವಾಗ ಬಟ್ಟೆಯ ತುಂಡುಗಳನ್ನು ಮೇಜಿನ ಮೇಲೆ ಹರಡಿಕೊಂಡು ಕಾರ್ಯದರ್ಶಿಗಳೂ ಖಜಾಂಚಿಗಳೂ ಆರಿಸುವರಷ್ಟೆ. ಮುಂದಿನ ಸಾರಿ ಆ ತುಂಡುಗಳನ್ನು ಸಂಜೆ ಆರೂವರೆಗೆ ರಸ್ತೆಯ ಅಂಚಿಗೆ ಒಯ್ದು ನೂರು ಗಜ ದೂರದಿಂದ ನೋಡಲಿ. ಮತ್ತು ತೊಡತಕ್ಕ ಹುಡುಗಿಯರನ್ನು ಜೊತೆಗೆ ಕರೆದುಕೊಂಡು ಹೋಗಲಿ.