ಮಾತ್ರೆ ಬಿಟ್ಟ ಶೂರರಿಗೆ

ನಮ್ಮ ಸಂಘದ ಯಾವ ಕಾರ್ಯಕ್ರಮವೇ ಇರಲಿ, ವಂದನಾರ್ಪಣೆ ಮುಗಿದು ಎಲೆ ಹಾಕುವವರೆಗಿನ ಅರ್ಧ ಗಂಟೆಯಲ್ಲಿ ಐವತ್ತರ ಆಸುಪಾಸಿನ ನಾವೆಲ್ಲ ಮಾತನಾಡುವ ವಿಷಯ ಒಂದೇ. ಹಿಂದೆ ಅದು ಮಕ್ಕಳ ನೌಕರಿ, ಫ್ಲ್ಯಾಟಿನ ಬೆಲೆ ಆಗಿತ್ತು. ಈಗ ಕೊಲೆಸ್ಟರಾಲ್. ಹೆಸರಿನಲ್ಲಿಯೇ ಕೊಲೆಯನ್ನು ಇಟ್ಟುಕೊಂಡ ಈ ಪದಾರ್ಥದ ಬಗ್ಗೆ ಮುಂಬಯಿ ಕನ್ನಡಿಗರು ಆಡದ ಮಾತಿಲ್ಲ. ಆಡಲಿ, ಬೇಡವೆನ್ನುವುದಿಲ್ಲ. ಆದರೆ ಇತ್ತೀಚೆಗೆ ಈ ಮಾತುಕತೆಯಲ್ಲಿ ಒಂದು ಹೊಸ ಬಗೆಯ ಪೌರುಷ ತಲೆಹಾಕಿದೆ. "ಡಾಕ್ಟರು ಬರೆದುಕೊಟ್ಟ ಮಾತ್ರೆ ಬಿಟ್ಟೇಬಿಟ್ಟೆ ನೋಡಿ. ಈಗ ಬೆಳಿಗ್ಗೆ ನಾಲ್ಕು ಎಸಳು ಬೆಳ್ಳುಳ್ಳಿ, ಅಷ್ಟೆ" ಎಂದು ಒಬ್ಬರು ಎದೆ ತಟ್ಟಿಕೊಳ್ಳುತ್ತಾರೆ. ಸಿಗರೇಟು ಬಿಟ್ಟವರನ್ನು ಮೆಚ್ಚುವ ಹಾಗೆ ಸುತ್ತ ನಿಂತವರು ಅವರನ್ನು ಮೆಚ್ಚುತ್ತಾರೆ. ಈ ಮೆಚ್ಚುಗೆಯ ಮೇಲೆಯೇ ನನ್ನ ಆಕ್ಷೇಪಣೆ. ಇದು ಒಬ್ಬೊಬ್ಬರ ಸ್ವಂತ ವಿಚಾರವಾಗಿ ಉಳಿದಿಲ್ಲ. ಒಬ್ಬರ ಬಾಯಿಂದ ಇನ್ನೊಬ್ಬರ ಮನೆಗೆ ದಾಟುವ ಸಾಂಕ್ರಾಮಿಕವಾಗಿದೆ.

ನನ್ನ ಷಡ್ಡಕನ ಸಂಗತಿ ಹೇಳುತ್ತೇನೆ. ಅವನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಡೊಂಬಿವಲಿಯಲ್ಲಿ ಮನೆ, ಫೋರ್ಟಿನಲ್ಲಿ ಕಚೇರಿ. ವಯಸ್ಸು 49. ಅವನ ತಂದೆ 52ರಲ್ಲಿಯೇ ಎದೆನೋವಿನಿಂದ ತೀರಿಕೊಂಡವರು. ಇವನಿಗೂ ರಕ್ತದೊತ್ತಡ ಸ್ವಲ್ಪ ಹೆಚ್ಚು. ರಕ್ತ ಪರೀಕ್ಷೆಯಲ್ಲಿ ಎಲ್.ಡಿ.ಎಲ್., ಅಂದರೆ ಕೆಟ್ಟ ಕೊಲೆಸ್ಟರಾಲ್, 168 ಬಂತು. ವೈದ್ಯರು ಅಟೊರ್ವಾಸ್ಟಾಟಿನ್ ಮಾತ್ರೆ ಬರೆದರು. ಮೂರು ತಿಂಗಳಿಗೆ 92ಕ್ಕೆ ಇಳಿಯಿತು. ಆಗ ಒಂದು ಸತ್ಯನಾರಾಯಣ ಪೂಜೆಯಲ್ಲಿ ಹಿರಿಯರೊಬ್ಬರು, "ಆ ಮಾತ್ರೆ ಯಕೃತ್ತನ್ನೇ ತಿಂದುಹಾಕುತ್ತದಪ್ಪಾ" ಎಂದರು. ಇವನು ನನ್ನ ಕಡೆ ತಿರುಗಿ, "ನಾರ್ಮಲ್ ಆಯಿತಲ್ಲ ಭಾವ, ಇನ್ನೇಕೆ ಮಾತ್ರೆ?" ಎಂದು ಕೇಳಿದ. ನಾನು ಪ್ರಸಾದದ ದೊನ್ನೆ ಹಿಡಿದುಕೊಂಡು ತಲೆಯಾಡಿಸಿದೆ. ಆ ತಲೆಯಾಡಿಸುವಿಕೆಯ ಪಾಪ ನನ್ನ ಮೇಲಿದೆ. ಹನ್ನೊಂದು ತಿಂಗಳ ಮೇಲೆ ದಾದರಿನ ರೈಲ್ವೆ ಸೇತುವೆಯ ಮೆಟ್ಟಿಲಿನ ಮೇಲೆ ಅವನು ಎದೆ ಹಿಡಿದುಕೊಂಡು ಕುಳಿತುಬಿಟ್ಟ. ಯಾರೋ ಅಪರಿಚಿತರು ಟ್ಯಾಕ್ಸಿಯಲ್ಲಿ ಹಾಕಿಕೊಂಡು ಹೋದದ್ದರಿಂದ ಜೀವ ಉಳಿಯಿತು. ಎರಡು ಸ್ಟೆಂಟ್ ಹಾಕಿದರು. ಅಂದು ತೆಗೆದ ರಕ್ತದಲ್ಲಿ ಎಲ್.ಡಿ.ಎಲ್. 171.

ಮಾತ್ರೆ ಬಿಟ್ಟದ್ದರಿಂದಲೇ ಹೀಗಾಯಿತೆಂದು ನಾನು ಆಣೆಯಿಟ್ಟು ಹೇಳಲಾರೆ. ಮಾತ್ರೆ ನುಂಗುವವರಿಗೂ ಹೃದಯಾಘಾತವಾಗುತ್ತದೆ. ಆದರೆ 92 ಎಂಬ ಅಂಕಿ ಮಾತ್ರೆಯ ದುಡಿಮೆಯೇ ಹೊರತು ರೋಗ ವಾಸಿಯಾದ ಗುರುತಲ್ಲ ಎಂಬುದು ನಮ್ಮಿಬ್ಬರಿಗೂ ತಿಳಿಯದೇ ಹೋಯಿತಲ್ಲ, ಅದು ಮಾತ್ರ ನಿಜ. ಕನ್ನಡಕ ಹಾಕಿಕೊಂಡು ಪತ್ರಿಕೆ ಓದಲು ಬಂತು, ಇನ್ನು ಕನ್ನಡಕವೇಕೆ ಎಂದು ಯಾರಾದರೂ ಎಸೆಯುತ್ತಾರೆಯೇ?

ದೇಹದಲ್ಲಿರುವ ಕೊಲೆಸ್ಟರಾಲಿನ ಬಹುಪಾಲು ನಾವು ತಿಂದದ್ದಲ್ಲ, ನಮ್ಮ ಯಕೃತ್ತೇ ತಯಾರಿಸಿದ್ದು. ಮಾತ್ರೆ ಆ ತಯಾರಿಕೆಗೆ ಕಡಿವಾಣ ಹಾಕುತ್ತದೆ. ಆಗ ಯಕೃತ್ತು ತನ್ನ ಅಗತ್ಯಕ್ಕಾಗಿ ಹೆಚ್ಚು ಬಾಗಿಲುಗಳನ್ನು ತೆರೆದು ರಕ್ತದಲ್ಲಿರುವ ಎಲ್.ಡಿ.ಎಲ್. ಅನ್ನು ಒಳಕ್ಕೆ ಸೆಳೆದುಕೊಳ್ಳುತ್ತದೆ. ಆ ಬಾಗಿಲುಗಳನ್ನು ಕಂಡುಹಿಡಿದದ್ದಕ್ಕೆ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ ಎಂಬ ಇಬ್ಬರು ಅಮೆರಿಕನ್ ವೈದ್ಯರಿಗೆ 1985ರಲ್ಲಿ ನೊಬೆಲ್ ಬಹುಮಾನ ಬಂತು. ಮಾತ್ರೆ ನಿಂತರೆ ಕೆಲವೇ ವಾರಗಳಲ್ಲಿ ಯಕೃತ್ತು ತನ್ನ ಹಳೆಯ ಚಾಳಿಗೆ ಮರಳುತ್ತದೆ. ಆಗ ಮೈಗೆ ಏನೂ ತಿಳಿಯುವುದಿಲ್ಲ. ಜ್ವರವಿಲ್ಲ, ನೋವಿಲ್ಲ. ಮಾತ್ರೆ ಬಿಟ್ಟ ಶೂರರು "ನಾನು ಆರಾಮಾಗಿದ್ದೇನೆ" ಎನ್ನುವುದು ಇದಕ್ಕೇ. ಬಿಟ್ಟ ಮೇಲೆ ರಕ್ತ ಪರೀಕ್ಷೆ ಮಾಡಿಸಿದಿರಾ ಎಂದು ಕೇಳಿ ನೋಡಿ, ಮಾತು ಬದಲಾಯಿಸುತ್ತಾರೆ.

ಇವರ ಬತ್ತಳಿಕೆಯಲ್ಲಿ ಕೆಲವು ಬಾಣಗಳಿವೆ. ಇದೆಲ್ಲ ಔಷಧ ಕಂಪನಿಗಳ ಹುನ್ನಾರ ಎಂಬುದು ಮೊದಲನೆಯದು. ಔಷಧ ಕಂಪನಿಗಳು ಧರ್ಮಛತ್ರಗಳಲ್ಲ, ನಾನೂ ಬಲ್ಲೆ. ಆದರೆ ಈ ಮಾತ್ರೆಯ ಮೂಲಪುರುಷ ಜಪಾನಿನ ಅಕಿರಾ ಎಂಡೊ. ಅವರು ಸುಮಾರು 6000 ಬಗೆಯ ಬೂಷ್ಟುಗಳನ್ನು ಜರಡಿ ಹಿಡಿದು, ಕ್ಯೋಟೊದ ಅಂಗಡಿಯೊಂದರ ಅಕ್ಕಿಯ ಮೇಲೆ ಬೆಳೆದ ಬೂಷ್ಟಿನಿಂದ 1973ರಲ್ಲಿ ಈ ಜಾತಿಯ ಮೊದಲ ಪದಾರ್ಥವನ್ನು ಪಡೆದರು. ಅವರು 2024ರಲ್ಲಿ ತಮ್ಮ 90ನೆಯ ವಯಸ್ಸಿನಲ್ಲಿ ತೀರಿಕೊಂಡಾಗ ನಮ್ಮಲ್ಲಿ ಎಷ್ಟು ಜನರಿಗೆ ಆ ಹೆಸರು ಗೊತ್ತಿತ್ತೋ! ಪ್ರಕೃತಿದತ್ತವಾದದ್ದೇ ಬೇಕೆನ್ನುವವರಿಗೆ ಅಕ್ಕಿಯ ಮೇಲಿನ ಬೂಷ್ಟಿಗಿಂತ ಪ್ರಕೃತಿದತ್ತವಾದದ್ದು ಇನ್ನೇನು ಬೇಕು? ಅಟೊರ್ವಾಸ್ಟಾಟಿನ್ನಿನ ಪೇಟೆಂಟು ಮುಗಿದು ಎಷ್ಟೋ ವರ್ಷಗಳಾದವು. ಜನೌಷಧಿ ಕೇಂದ್ರದಲ್ಲಿ ಒಂದು ದಿನದ ಮಾತ್ರೆಯ ಬೆಲೆ ಮಾಟುಂಗಾದ ಒಂದು ಕಾಫಿಗಿಂತ ಎಷ್ಟೋ ಕಡಿಮೆ.

ಇದರಿಂದ ಜೀವ ಉಳಿಯುತ್ತದೆಯೇ ಎಂಬುದು ನ್ಯಾಯವಾದ ಪ್ರಶ್ನೆ. ಉತ್ತರ 1994ರಷ್ಟು ಹಳೆಯದು. ಸ್ಕ್ಯಾಂಡಿನೇವಿಯಾದ ದೇಶಗಳಲ್ಲಿ 4444 ಹೃದ್ರೋಗಿಗಳಲ್ಲಿ ಅರ್ಧದಷ್ಟು ಜನಕ್ಕೆ ಸಿಮ್ವಾಸ್ಟಾಟಿನ್, ಉಳಿದವರಿಗೆ ಹುಸಿ ಮಾತ್ರೆ ಕೊಟ್ಟು ಐದು ವರ್ಷಕ್ಕೂ ಹೆಚ್ಚು ಕಾಲ ನೋಡಿದರು. ಹುಸಿ ಮಾತ್ರೆಯ ಗುಂಪಿನಲ್ಲಿ 256 ಮಂದಿ ಸತ್ತರು. ನಿಜದ ಮಾತ್ರೆಯ ಗುಂಪಿನಲ್ಲಿ 182. ನಡುವಿನ ಆ 74 ಜನರನ್ನು ಕಂಪನಿಯ ಜಾಹೀರಾತು ಎಂದು ಕರೆಯುವ ಎದೆಗಾರಿಕೆ ನನಗಿಲ್ಲ.

ಬೆಳ್ಳುಳ್ಳಿಯ ಭಕ್ತರಿಗೂ ಒಂದು ಮಾತು. ಅಮೆರಿಕದ ಕ್ಲೀವ್‌ಲೆಂಡ್ ಕ್ಲಿನಿಕ್ಕಿನವರು 2022ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಕೆಲವರಿಗೆ ಸಣ್ಣ ಪ್ರಮಾಣದ ರೋಸುವಾಸ್ಟಾಟಿನ್, ಕೆಲವರಿಗೆ ಬೆಳ್ಳುಳ್ಳಿ, ಅರಿಸಿನ, ದಾಲ್ಚಿನ್ನಿ, ಮೀನೆಣ್ಣೆ ಮೊದಲಾದವುಗಳ ಗುಳಿಗೆ, ಇನ್ನು ಕೆಲವರಿಗೆ ಹುಸಿ ಗುಳಿಗೆ ಕೊಟ್ಟರು. 28 ದಿನಗಳಲ್ಲಿ ಮಾತ್ರೆಯವರ ಎಲ್.ಡಿ.ಎಲ್. ಸುಮಾರು ಶೇ. 38ರಷ್ಟು ಇಳಿಯಿತು. ಉಳಿದ ಯಾವುದೂ ಹುಸಿ ಗುಳಿಗೆಯನ್ನು ಮೀರಿಸಲಿಲ್ಲ. ಬೆಳ್ಳುಳ್ಳಿ ಸಾರಿನ ಒಗ್ಗರಣೆಗೆ ಬಹಳ ಒಳ್ಳೆಯದು, ಅಲ್ಲಿಯೇ ಇರಲಿ.

ಇನ್ನು ಅಡ್ಡಪರಿಣಾಮ. ಇಲ್ಲವೇ ಇಲ್ಲ ಎನ್ನುವವನು ಸುಳ್ಳುಗಾರ. ಕೆಲವರಿಗೆ ಸ್ನಾಯು ನೋವು ಬರುತ್ತದೆ. ಸಕ್ಕರೆ ಕಾಯಿಲೆಯ ಅಂಚಿನಲ್ಲಿರುವವರು ಆ ಗೆರೆ ದಾಟುವ ಸಂಭವ ಸ್ವಲ್ಪ ಹೆಚ್ಚುತ್ತದೆ. ಯಕೃತ್ತಿಗೆ ಗಂಭೀರ ಹಾನಿ ಅತ್ಯಂತ ಅಪರೂಪ. ಗರ್ಭಿಣಿಯರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ಆದರೆ ಲಂಡನ್ನಿನಲ್ಲಿ ನಡೆದು 2020ರಲ್ಲಿ ಪ್ರಕಟವಾದ ಒಂದು ಸ್ವಾರಸ್ಯಕರ ಪರೀಕ್ಷೆಯನ್ನು ಕೇಳಿ. ಅಡ್ಡಪರಿಣಾಮಕ್ಕೆ ಹೆದರಿ ಮಾತ್ರೆ ಬಿಟ್ಟಿದ್ದ 60 ಜನರಿಗೆ ನಾಲ್ಕು ತಿಂಗಳಿಗೆ ನಿಜದ ಮಾತ್ರೆ, ನಾಲ್ಕು ತಿಂಗಳಿಗೆ ಹುಸಿ ಮಾತ್ರೆ, ಉಳಿದ ನಾಲ್ಕು ತಿಂಗಳಿಗೆ ಖಾಲಿ ಬಾಟಲಿ ಕೊಟ್ಟರು. ಯಾವುದು ನಿಜ, ಯಾವುದು ಹುಸಿ ಎಂದು ಹೇಳಲಿಲ್ಲ. ನಿಜದ ಮಾತ್ರೆಯಿಂದ ಆದ ತೊಂದರೆಯ ಶೇ. 90ರಷ್ಟು ಹುಸಿ ಮಾತ್ರೆಯಿಂದಲೂ ಆಯಿತು! ಅವರ ನೋವು ಸುಳ್ಳಲ್ಲ. ಆದರೆ ಅದನ್ನು ತಂದದ್ದು ಬಹುಮಟ್ಟಿಗೆ ಭಯ. ಆ ಭಯವನ್ನು ಪೂಜೆಯ ಮನೆಯಲ್ಲಿ, ಮೊಬೈಲಿನ ಸಂದೇಶಗಳಲ್ಲಿ ಹಂಚುತ್ತಿರುವವರು ನಾವೇ. ನಿಜವಾಗಿ ನೋವಿದ್ದರೆ ವೈದ್ಯರು ಪ್ರಮಾಣ ಇಳಿಸುತ್ತಾರೆ, ಮಾತ್ರೆ ಬದಲಾಯಿಸುತ್ತಾರೆ, ಬೇರೆ ಜಾತಿಯ ಔಷಧ ಕೊಡುತ್ತಾರೆ.

"ನಮ್ಮಜ್ಜ ತುಪ್ಪ ಸುರಿದುಕೊಂಡು ಉಂಡು ತೊಂಬತ್ತು ವರ್ಷ ಬದುಕಿದ" ಎಂಬ ಬಾಣಕ್ಕೆ ಹೆಚ್ಚು ಹೇಳಬೇಕಿಲ್ಲ. ಬದುಕಿದ ಅಜ್ಜನ ಫೋಟೋ ಗೋಡೆಯ ಮೇಲಿದೆ. ನಲವತ್ತೆಂಟಕ್ಕೇ "ಗ್ಯಾಸ್ ಆಗಿ" ಹೋದ ಅಜ್ಜನ ತಮ್ಮನನ್ನು ಯಾರು ಲೆಕ್ಕಕ್ಕೆ ಹಿಡಿದರು? ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಕಲಿತ ಡಾ. ಸಲೀಂ ಯೂಸುಫ್ ಅವರ ಮುಂದಾಳುತನದಲ್ಲಿ 52 ದೇಶಗಳಲ್ಲಿ ನಡೆದ, 2004ರಲ್ಲಿ ಹೊರಬಂದ ಅಧ್ಯಯನದ ಪ್ರಕಾರ ನಮ್ಮ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಇತರರಿಗಿಂತ ಐದಾರು ವರ್ಷ ಮೊದಲೇ ಬರುತ್ತದೆ.

ಇಷ್ಟು ಕೇಳಿ ಮಾತ್ರೆಯ ಪಕ್ಷದವರು ಹಿಗ್ಗುವುದು ಬೇಡ. ರಾತ್ರಿ ಮಾತ್ರೆ ನುಂಗುತ್ತೇನಲ್ಲ ಎಂದು ಮಧ್ಯಾಹ್ನ ಎರಡನೆಯ ಸಲ ಹೋಳಿಗೆ ಹಾಕಿಸಿಕೊಳ್ಳುವವರೂ ನಮ್ಮಲ್ಲಿದ್ದಾರೆ. ಸಂಘದ ಊಟದ ಪಟ್ಟಿಯನ್ನೇ ನೋಡಿ: ಮೈಸೂರು ಪಾಕ್, ಅಂಬೊಡೆ, ಬಾಳೆಕಾಯಿ ಬಜ್ಜಿ, ತುಪ್ಪದಲ್ಲಿ ಮುಳುಗಿದ ಬಿಸಿಬೇಳೆ ಬಾತು. ಕೋಸಂಬರಿಯೊಂದು ಎಲೆಯ ತುದಿಯಲ್ಲಿ ಚಮಚದಷ್ಟು, ಶಾಸ್ತ್ರಕ್ಕೆ! ಪ್ರತಿಯಾಗಿ ಕಾರ್ಯದರ್ಶಿಗಳು ಎಣ್ಣೆಯ ಡಬ್ಬಿಯನ್ನು ತೋರಿಸಿ, "ಇದು ಕೊಲೆಸ್ಟರಾಲ್ ರಹಿತ" ಎನ್ನುತ್ತಾರೆ. ಗಿಡದಿಂದ ಬಂದ ಯಾವ ಎಣ್ಣೆಯಲ್ಲಿ ತಾನೆ ಕೊಲೆಸ್ಟರಾಲ್ ಇದೆ? ಕೇಳಬೇಕಾದದ್ದು ಸ್ಯಾಚುರೇಟೆಡ್ ಕೊಬ್ಬು ಎಷ್ಟು ಎಂದು. ತಾಳೆ ಎಣ್ಣೆಯಲ್ಲಿ ಅದು ಸುಮಾರು ಅರ್ಧ, ತುಪ್ಪದಲ್ಲಿ ಅರ್ಧಕ್ಕಿಂತ ಹೆಚ್ಚು, ಕೊಬ್ಬರಿ ಎಣ್ಣೆಯಲ್ಲಿ ಐದರಲ್ಲಿ ನಾಲ್ಕು ಪಾಲಿಗೂ ಮಿಗಿಲು. ಕರಾವಳಿಯ ಬಂಧುಗಳು ಕೋಪಿಸಿಕೊಳ್ಳಬಾರದು. ನನ್ನ ತಾಯಿಯ ತವರೂ ಕುಂದಾಪುರವೇ.

ಊಟ ತಿದ್ದಿಕೊಂಡರೆ ಎಲ್.ಡಿ.ಎಲ್. ನೂರಕ್ಕೆ ಹತ್ತು ಹದಿನೈದು ಇಳಿಯುವುದುಂಟು. ಅಪಾಯ ಕಡಿಮೆಯಿರುವವರಿಗೆ ಅಷ್ಟೇ ಸಾಕಾಗಬಹುದು. ಅಂಥವರಿಗೆ ವೈದ್ಯರೇ ಕೆಲವು ತಿಂಗಳು ಮಾತ್ರೆಯಿಲ್ಲದೆ ನೋಡೋಣವೆನ್ನುತ್ತಾರೆ. ಇದಕ್ಕೆ ಹೊರದೇಶದ ಸೊಪ್ಪುಸದೆ ಬೇಕಿಲ್ಲ. ಹುರುಳಿ ಸಾರು, ಮೊಳಕೆ ಕಾಳಿನ ಉಸಲಿ, ಬೆಂಡೆಕಾಯಿ ಪಲ್ಯ, ಒಂದು ಹಿಡಿ ಕಡಲೆಕಾಯಿ ಸಾಕು. ನಡಿಗೆಯಿಂದ ಎಲ್.ಡಿ.ಎಲ್. ಅಷ್ಟಾಗಿ ಇಳಿಯುವುದಿಲ್ಲ. ಆದರೆ ಟ್ರೈಗ್ಲಿಸರೈಡ್, ರಕ್ತದೊತ್ತಡ, ಸಕ್ಕರೆ ಎಲ್ಲವೂ ಅದರ ಮಾತು ಕೇಳುತ್ತವೆ. ಹಾಗೆಂದು ಚೌಪಾಟಿಯವರೆಗೆ ನಡೆದು, ವಡಾ-ಪಾವ್ ತಿಂದು, ಟ್ಯಾಕ್ಸಿಯಲ್ಲಿ ಹಿಂತಿರುಗುವುದು ವ್ಯಾಯಾಮವಲ್ಲ.

ವೈದ್ಯರನ್ನೂ ಬಿಡುವಂತಿಲ್ಲ. ಎರಡು ನಿಮಿಷದಲ್ಲಿ ಚೀಟಿ ಬರೆದು "ನೆಕ್ಸ್ಟ್" ಎನ್ನುವವರು, ಈ ಮಾತ್ರೆ ಏಕೆ, ಎಷ್ಟು ದಿನ ಎಂದು ಇನ್ನೊಂದು ನಿಮಿಷ ಹೇಳಿದ್ದರೆ ಆ ಜಾಗದಲ್ಲಿ ಪೂಜೆಯ ಹಿರಿಯರು ಬಂದು ಕೂರುತ್ತಿರಲಿಲ್ಲ.

ಕಾರ್ಯಕಾರಿ ಸಮಿತಿಗೆ ನನ್ನದೊಂದು ಸೂಚನೆ. ಬರುವ ರಾಜ್ಯೋತ್ಸವದಂದು ಸನ್ಮಾನ ಒಂದನ್ನು ಕಡಿಮೆ ಮಾಡಿ, ನಮ್ಮವರೇ ಆದ ಹೃದ್ರೋಗ ತಜ್ಞರೊಬ್ಬರನ್ನು ಕರೆಸಿ ಒಂದು ಗಂಟೆ ಕನ್ನಡದಲ್ಲಿ ಪ್ರಶ್ನೋತ್ತರ ಇಡಿ. ಮಾತ್ರೆ ಬಿಟ್ಟವರು ತಮ್ಮ ಹೊಸ ರಕ್ತ ಪರೀಕ್ಷೆಯ ವರದಿಯೊಂದಿಗೆ ಬರಲಿ. ನನ್ನ ಷಡ್ಡಕ ಮುಂದಿನ ಸಾಲಿನಲ್ಲಿಯೇ ಕೂರುತ್ತೇನೆಂದಿದ್ದಾನೆ. ಅವನ ಎಲ್.ಡಿ.ಎಲ್. ಈಗ 74. ಭಾರತೀಯ ಹೃದ್ರೋಗ ತಜ್ಞರ ಸಂಘ 2024ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಅವನಂಥವರಿಗೆ ಅದು 55ಕ್ಕಿಂತ ಕೆಳಗಿರಬೇಕು. ವೈದ್ಯರು ಇನ್ನೊಂದು ಮಾತ್ರೆ ಸೇರಿಸಿದ್ದಾರೆ. ಎರಡನ್ನೂ ಹಲ್ಲುಜ್ಜುವ ಬ್ರಶ್ಶಿನ ಪಕ್ಕದಲ್ಲಿಟ್ಟುಕೊಂಡಿದ್ದಾನೆ.