ಅಮ್ಮನ ಬಳೆ ಚೂರಿನ ಗೋಲಿ



ಹೋದ ಸಂಚಿಕೆಯಲ್ಲಿ ಹುಣಸೆ ತೊಕ್ಕಿನ ವಿಷಯ ಬರೆದಿದ್ದೆ. ಈ ಸಲ ತಿನ್ನುವ ವಸ್ತುವಲ್ಲ, ಆಡುವ ವಸ್ತು. ಗೋಲಿ! "ಇದೇನ್ರೀ, ಹೆಂಗಸರ ಪತ್ರಿಕೆಯಲ್ಲಿ ಗಂಡುಹುಡುಗರ ಗೋಲಿ?" ಅಂತ ಹುಬ್ಬೇರಿಸಬೇಡಿ. ಕೊನೇತನಕ ಓದಿ. ಇದು ನಮ್ಮ ಕೈಬಳೆಯ ವಿಷಯವೇ ಅಂತ ನಿಮಗೇ ಗೊತ್ತಾಗುತ್ತದೆ.

ನಾವು ಚಿಕ್ಕವರಿದ್ದಾಗ ಒಡೆದ ಬಳೆಯ ಚೂರನ್ನು ಯಾರೂ ಬಿಸಾಡುತ್ತಿರಲಿಲ್ಲ. ಮೇಣದ ಬತ್ತಿಯ ಉರಿಗೆ ಹಿಡಿದರೆ ಚೂರು ನಿಧಾನವಾಗಿ ಮೆತ್ತಗಾಗುತ್ತಿತ್ತು. ಆಗ ಅದನ್ನು ಬಗ್ಗಿಸಿ, ಎರಡು ತುದಿ ಕೂಡಿಸಿ, ಕೊಂಡಿಗೆ ಕೊಂಡಿ ಸಿಕ್ಕಿಸಿ ಸರ ಮಾಡುತ್ತಿದ್ದೆವು. ಕೆಂಪು, ಹಸಿರು, ನೀಲಿ ಸರಗಳನ್ನು ಬಾಗಿಲಿಗೆ ತೋರಣ ಕಟ್ಟಿದರೆ ಬಂದವರೆಲ್ಲ ನಿಂತು ನೋಡಿಯೇ ಒಳಗೆ ಬರಬೇಕು! ನಿಮ್ಮಲ್ಲೂ ಅನೇಕರು ಬೆರಳು ಸುಟ್ಟುಕೊಂಡಿದ್ದೀರಿ ಅಂತ ನನಗೆ ಗೊತ್ತು.

ನಾನು ಎಸ್ಸೆಸ್ಸೆಲ್ಸಿ ಬರೆದ ವರ್ಷ ಅಪ್ಪ ತೀರಿಕೊಂಡರು. ಹತ್ತನೆಯ ದಿನ ಹಿತ್ತಲಿನ ಬಾವಿಕಟ್ಟೆಯ ಹತ್ತಿರ ಅಮ್ಮನನ್ನು ಕೂಡಿಸಿ, ಅವಳ ಕೈತುಂಬ ಇದ್ದ ಹಸಿರು ಬಳೆಗಳನ್ನು ಒಡೆದರು. ಅಮ್ಮನಿಗೆ ಆಗ ಮೂವತ್ತೆಂಟು ವರ್ಷ. ನನಗೆ ಈಗ ನಲವತ್ತಾರು. ಲೆಕ್ಕ ಹಾಕಿದರೆ ಎದೆ ಝಲ್ಲೆನ್ನುತ್ತದೆ. ಎಲ್ಲರೂ ಒಳಗೆ ಹೋದಮೇಲೆ ನಾನು ಸಿಕ್ಕಷ್ಟು ಚೂರು ಆಯ್ದು ಪೌಡರ್ ಡಬ್ಬಿಗೆ ಹಾಕಿ ಬಟ್ಟೆಯ ಟ್ರಂಕಿನ ತಳದಲ್ಲಿಟ್ಟೆ. ತೋರಣ ಮಾಡಲು ಮನಸ್ಸು ಬರಲಿಲ್ಲ. ಮದುವೆಯಾದಾಗ ಡಬ್ಬಿಯೂ ನನ್ನ ಜೊತೆ ಬಂತು. ಅಮ್ಮನಿಗೆ ಮಾತ್ರ ಹೇಳಲಿಲ್ಲ.

ಹೋದ ವರ್ಷ ತಮ್ಮನ ಹೆಂಡತಿಯ ಬಾಣಂತನಕ್ಕೆ ಅಮೆರಿಕದ ಒಹಾಯೊ ರಾಜ್ಯಕ್ಕೆ ಹೋಗುವುದಿತ್ತು. ಹೊರಡುವ ಮುಂಚೆ ತಮ್ಮ ಫೋನಿನಲ್ಲಿ, "ಅಕ್ಕಾ, ಪಕ್ಕದ ಮನೆ ಅಜ್ಜ ಗಾಜು ಕರಗಿಸಿ ಗೋಲಿ ಮಾಡ್ತಾರೆ, ಬಂದಾಗ ನೋಡುವೆಯಂತೆ" ಅಂದ. ಯಾಕೋ ಏನೋ, ಚಟ್ನಿಪುಡಿ ಹಪ್ಪಳಗಳ ಮಧ್ಯೆ ಆ ಡಬ್ಬಿಯನ್ನೂ ಇಟ್ಟುಕೊಂಡೆ.

ಗೋಲಿಯ ಕಥೆ

ಕೈಯಲ್ಲಿ ಮಾಡುವ ಗಾಜಿನ ಗೋಲಿಗೆ ಹೆಸರಾದ ಊರು ಜರ್ಮನಿಯ ಲೌಶಾ. ಕಾಡುಗುಡ್ಡದ ನಡುವಿನ ಈ ಊರಿನಲ್ಲಿ 1597ರಿಂದಲೂ ಗಾಜಿನ ಕೆಲಸ ನಡೆದಿದೆ. 1840ರ ದಶಕದ ಕೊನೆಯ ಹೊತ್ತಿಗೆ ಅಲ್ಲಿಯವರು ಗೋಲಿ ಕತ್ತರಿ ಅಂತ ಒಂದು ಉಪಕರಣ ಕಂಡುಹಿಡಿದರು. ನಮ್ಮ ಇಕ್ಕಳದ ಹಾಗೆ, ತುದಿಯಲ್ಲಿ ಪುಟ್ಟ ಬಟ್ಟಲು. ಬಣ್ಣದ ಎಳೆಗಳನ್ನು ತಿರುಚಿದ ಬಿಸಿ ಗಾಜಿನ ಕೋಲನ್ನು ಆ ಬಟ್ಟಲಿಗೆ ಕೊಟ್ಟು ತಿರುಗಿಸುತ್ತ ಕತ್ತರಿಸಿದರೆ ಗೋಲಿ! ಕೋಡುಬಳೆ ಹಿಟ್ಟು ಹೊಸೆದು ತುಂಡು ಮಾಡಿ ಉಂಡೆ ಕಟ್ಟಿದ ಹಾಗೆ ಅನ್ನಿ.

ಆಮೇಲೆ ಯಂತ್ರ ಬಂತು. ಒಹಾಯೊದಲ್ಲೇ ಇರುವ ಆಕ್ರನ್ ಪಟ್ಟಣದ ಮಾರ್ಟಿನ್ ಫ್ರೆಡರಿಕ್ ಕ್ರಿಸ್ಟೆನ್ಸನ್ ಅನ್ನುವವರ ಯಂತ್ರಕ್ಕೆ 1905ರಲ್ಲಿ ಹಕ್ಕುಪತ್ರ ಸಿಕ್ಕಿತು. ಈಗಿನ ಕಾರ್ಖಾನೆಗಳಲ್ಲಿ ಕರಗಿದ ಗಾಜಿನ ತುಂಡು, ತಿರುಗುವ ಎರಡು ಉರುಳೆಗಳ ನಡುವಿನ ತೋಡಿಗೆ ಬಿದ್ದು, ಉರುಳುತ್ತಾ ಉರುಳುತ್ತಾ ದುಂಡಾಗಿ ಹೊರಬರುತ್ತದೆ. ಅಂಗಡಿಯಲ್ಲಿ ನಮ್ಮ ಮಕ್ಕಳು ಕೊಳ್ಳುವುದು ಇಂಥ ಗೋಲಿಯೇ. ಕೈಗೋಲಿಯನ್ನು ಗುರುತಿಸುವುದು ಸುಲಭ. ಕಡ್ಡಿಯಿಂದ ಮುರಿದ ಕಡೆ ಒಂದು ಚಿಕ್ಕ ಗುರುತು ಉಳಿದಿರುತ್ತದೆ, ಮಗುವಿನ ಹೊಕ್ಕುಳಿನ ಹಾಗೆ.

ಬೇಕಾಗುವ ಸಾಮಾನು

ಅಜ್ಜನ ಶೆಡ್ಡಿಗೆ ಕಾಲಿಟ್ಟಾಗ ನನಗೆ ಅಡಿಗೆ ಮನೆಗೆ ಬಂದ ಹಾಗೇ ಅನ್ನಿಸಿತು. ಎಲ್ಲ ಸಾಮಾನೂ ಕೈಗೆಟಕುವಂತೆ ಜೋಡಿಸಿಟ್ಟಿದ್ದರು. ಆದ್ದರಿಂದ ಅಡಿಗೆಯ ರೀತಿಯಲ್ಲೇ ಬರೆಯುತ್ತೇನೆ.

ಪೆನ್ಸಿಲ್ ಗಾತ್ರದ ಗಾಜಿನ ಕಡ್ಡಿಗಳು: ತಿಳಿಯದು ಒಂದು, ಬಣ್ಣದವು ನಾಲ್ಕಾರು. ಮರಳು, ಸೋಡ, ಸುಣ್ಣದ ಕಲ್ಲು, ಇವೇ ಗಾಜಿನ ಮೂಲ ಸಾಮಗ್ರಿ. ನೀಲಿಗೆ ಕೋಬಾಲ್ಟ್, ಹಸಿರಿಗೆ ತಾಮ್ರ ಅಥವಾ ಕಬ್ಬಿಣ, ಮಾಣಿಕ್ಯದ ಕೆಂಪಿಗೆ ಕೂದಲೆಳೆಯಷ್ಟು ಬಂಗಾರ!

ಮೇಜಿಗೆ ಬಿಗಿದ ಟಾರ್ಚ್: ಇದು ಬೆಳಕಿನ ಟಾರ್ಚಲ್ಲ, ಬೆಂಕಿಯದು. ಗ್ಯಾಸಿನ ಜೊತೆ ಆಕ್ಸಿಜನ್ ಬೆರೆತು ಉರಿಯುತ್ತದೆ. 2021ರಲ್ಲಿ ಕೊರೊನಾ ಕಾಲದಲ್ಲಿ ನಾವೆಲ್ಲ ಹೆಸರು ಕೇಳಿದ ಆಕ್ಸಿಜನ್ ಕಾನ್ಸಂಟ್ರೇಟರ್ ಇದೆಯಲ್ಲ, ಅದೇ ಯಂತ್ರ ಅಲ್ಲಿ ಟಾರ್ಚಿಗೆ ಗಾಳಿ ಕೊಡುತ್ತಿತ್ತು.

ಗ್ರಾಫೈಟಿನ ಅಚ್ಚು: ಪೆನ್ಸಿಲಿನ ಸೀಸದಂಥ ಕಪ್ಪು ವಸ್ತು, ಮಧ್ಯೆ ಅರ್ಧಗೋಳದ ಗುಳಿ. ಪಡ್ಡಿನ ಹಂಚಿನ ಒಂದೇ ಒಂದು ಗುಳಿ ನೆನೆಸಿಕೊಳ್ಳಿ. ಬಿಸಿ ಗಾಜು ಇದಕ್ಕೆ ಅಂಟುವುದಿಲ್ಲ.

ವಿಶೇಷ ಕನ್ನಡಕ: ಉಪ್ಪುನೀರು ಉಕ್ಕಿ ಒಲೆಗೆ ಬಿದ್ದಾಗ ಉರಿ ಹಳದಿಯಾಗುತ್ತದಲ್ಲವೇ? ಉಪ್ಪಿನಲ್ಲಿರುವ ಸೋಡಿಯಂನ ಕೆಲಸ ಅದು. ಗಾಜಿನಲ್ಲೂ ಸೋಡಿಯಂ ಇರುವುದರಿಂದ ಉರಿಯಲ್ಲಿ ಕಣ್ಣು ಕೋರೈಸುವ ಹಳದಿ ಏಳುತ್ತದೆ. ಡಿಡಿಮಿಯಂ ಅನ್ನುವ ಕನ್ನಡಕ ಹಾಕಿದರೆ ಆ ಹಳದಿ ಮಾಯವಾಗಿ ಗಾಜು ಮಾತ್ರ ಕಾಣುತ್ತದೆ. ನಾನೂ ಹಾಕಿಕೊಂಡು ನೋಡಿದೆ, ಮ್ಯಾಜಿಕ್ಕೇ ಸರಿ.

ವಿದ್ಯುತ್ ಕುಲುಮೆ: ಇದಿಲ್ಲದಿದ್ದರೆ ಮೇಲಿನದೆಲ್ಲ ದಂಡ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮಾಡುವ ವಿಧಾನ

ತಣ್ಣಗಿನ ಕಡ್ಡಿಯನ್ನು ಒಮ್ಮೆಲೇ ಉರಿಗೆ ತಳ್ಳಿದರೆ ಸಾಸಿವೆಯ ಹಾಗೆ ಸಿಡಿಯುತ್ತದೆ. ಆದ್ದರಿಂದ ಮೊದಲು ಉರಿಯ ತುದಿಯಲ್ಲಿ ಆಡಿಸುತ್ತ ಕಾಯಿಸಬೇಕು. ಕೆಂಪಗೆ ಕಾದ ಮೇಲೆ ತುದಿಯ ಗಾಜು ಜೇನಿನ ಹಾಗೆ ಮೆತ್ತಗಾಗಿ ಉಂಡೆಗಟ್ಟುತ್ತದೆ. ಇನ್ನು ಕೈ ನಿಲ್ಲಿಸುವ ಹಾಗಿಲ್ಲ. ಎಡಬಿಡದೆ ತಿರುಗಿಸುತ್ತಿರಬೇಕು, ಇಲ್ಲವಾದರೆ ಒಂದು ಕಡೆಗೆ ಜೋತು ಬೀಳುತ್ತದೆ. "ಮೈಸೂರುಪಾಕು ಮಾಡೋರಿಗೆ ಇದೇನೂ ಹೊಸದಲ್ಲ ಬಿಡು" ಅಂತ ತಮ್ಮನಿಗೆ ಹೇಳಿದೆ. ಅವನು ಅನುವಾದ ಮಾಡಿ ಹೇಳಿದ್ದಕ್ಕೆ ಅಜ್ಜ ಜೋರಾಗಿ ನಕ್ಕರು.

ಉಂಡೆ ಕಟ್ಟಿದ ಮೇಲೆ ಬಣ್ಣದ ಕಡ್ಡಿಯಿಂದ ಚುಕ್ಕೆ ಇಡಬಹುದು, ರಂಗೋಲಿ ಎಳೆದ ಹಾಗೆ ಎಳೆ ಎಳೆಯಬಹುದು. ಅದರ ಮೇಲೆ ತಿಳಿ ಗಾಜನ್ನು ಹೊದಿಸಿದರೆ ಒಳಗಿನ ಚಿತ್ತಾರ ಭೂತಗನ್ನಡಿಯಲ್ಲಿ ಕಂಡಂತೆ ದೊಡ್ಡದಾಗಿ ಕಾಣುತ್ತದೆ. ಆಮೇಲೆ ಅಚ್ಚಿನ ಗುಳಿಯಲ್ಲಿಟ್ಟು ತಿರುಗಿಸಿದರೆ ಅರ್ಧಭಾಗ ದುಂಡಗಾಯಿತು. ಇನ್ನರ್ಧಕ್ಕೆ ಎದುರು ಕಡೆ ಬೇರೊಂದು ಕಡ್ಡಿ ಅಂಟಿಸಿ, ಮೊದಲಿನದನ್ನು ಕಾಯಿಸಿ ಕತ್ತರಿಸಿ, ಆ ಭಾಗವನ್ನೂ ದುಂಡಗೆ ಮಾಡಬೇಕು. ಕೊನೆಗೆ ಕಡ್ಡಿಯನ್ನು ಮೆಲ್ಲಗೆ ತಟ್ಟಿ ಬಿಡಿಸಿ, ಗುರುತಿನ ಮೇಲೆ ಉರಿ ಆಡಿಸಿ, ಕೂಡಲೇ ಕುಲುಮೆಗೆ.

ಈ ಕುಲುಮೆಯಲ್ಲಿದೆ ಗುಟ್ಟು. ಗೋಲಿಯ ಹೊರಮೈ ಬೇಗ ಆರುತ್ತದೆ, ಹೊಟ್ಟೆ ಇನ್ನೂ ಕುದಿಯುತ್ತಿರುತ್ತದೆ. ಹಾಗೇ ಬಿಟ್ಟರೆ ಒಳಗೂ ಹೊರಗೂ ಎಳೆದಾಟ ನಡೆದು ಗೋಲಿ ಸೀಳುತ್ತದೆ. ಕೆಲವು ಸಲ ಆ ಕ್ಷಣವೇ, ಕೆಲವು ಸಲ ವಾರ ಕಳೆದ ಮೇಲೆ. ಆದ್ದರಿಂದ ಈ ಬಗೆಯ ಗಾಜಾದರೆ ಸುಮಾರು 510 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಇಟ್ಟು, ರಾತ್ರಿಯೆಲ್ಲ ನಿಧಾನವಾಗಿ ಆರಿಸಬೇಕು.

ನಾನು ಮಾಡಿದ ತಪ್ಪು

ಮೂರನೇ ದಿನ ಧೈರ್ಯ ಮಾಡಿ ಪೌಡರ್ ಡಬ್ಬಿ ತೆಗೆದುಕೊಟ್ಟೆ. ತಮ್ಮ ಅದನ್ನು ನೋಡಿದ್ದು ಅದೇ ಮೊದಲು. ಏನೂ ಮಾತಾಡಲಿಲ್ಲ. ಅಪ್ಪ ಹೋದಾಗ ಅವನು ಇನ್ನೂ ಪ್ರೈಮರಿ ಶಾಲೆಯ ಹುಡುಗ.

ಚೂರು ಹಿಡಿಯಷ್ಟೂ ಇರಲಿಲ್ಲ. ನನಗೋ ನಿಂಬೆಹಣ್ಣಿನಷ್ಟು ದೊಡ್ಡ ಗೋಲಿ ಆಗಬೇಕು ಅಂತ ಆಸೆ. ಒಳಗೆ ತಿಳಿ ಗಾಜು ಹಾಕಿ ಮೇಲೆ ಬಳೆಯ ಹಸಿರು ಸುತ್ತಿ ಅಂದೆ. ಅಜ್ಜ ತಲೆಯಾಡಿಸಿದರು. ಗಾಜು ಗಾಜು ಒಂದೇ ಅಲ್ಲವಂತೆ. ಬಿಸಿಗೆ ಹಿಗ್ಗುವುದು, ಆರಿದಾಗ ಕುಗ್ಗುವುದು ಒಂದೊಂದಕ್ಕೆ ಒಂದೊಂದು ಪ್ರಮಾಣ. ಪ್ರಯೋಗಶಾಲೆಯಲ್ಲಿ ಬಳಸುವ ಬೋರೊಸಿಲಿಕೇಟ್ ಗಾಜಿಗಿಂತ ಈ ಬಣ್ಣದ ಮೆತು ಗಾಜು ಸುಮಾರು ಮೂರು ಪಟ್ಟು ಹಿಗ್ಗುತ್ತದೆ. ಬಳೆಯ ಗಾಜು ಯಾವುದೋ ಏನೋ, ಬೆರೆಸಿದರೆ ಒಡೆಯಬಹುದು ಅಂದರು. "ಒಂದು ಸಲ ನೋಡೋಣ" ಅಂತ ನಾನೇ ಹಠ ಹಿಡಿದೆ.

ಅರ್ಧ ಚೂರು ಖರ್ಚಾಯಿತು. ಗೋಲಿ ಉರಿಯಲ್ಲಿ ಎಷ್ಟು ಚೆಂದ ಕಂಡಿತು ಅಂತೀರಿ! ಬೆಳಿಗ್ಗೆ ಕುಲುಮೆಯ ಬಾಗಿಲು ತೆಗೆದರೆ ನಡುವಿಗೇ ಸೀಳಿ, ಹಸಿರು ಸಿಪ್ಪೆಯ ಹಾಗೆ ಎದ್ದಿತ್ತು. ಅಮ್ಮನ ಬಳೆಯನ್ನು ಎರಡನೇ ಸಲ ಒಡೆಸಿದವಳು ನಾನೇ ಅನ್ನಿಸಿ ಅಲ್ಲೇ ಅಳು ಬಂತು.

ಅಜ್ಜ ಉಳಿದ ಚೂರುಗಳನ್ನು ತೊಳೆಸಿ, ಕುಲುಮೆಯಲ್ಲಿ ಮೊದಲೇ ಬಿಸಿ ಮಾಡಿ, ಉಕ್ಕಿನ ಕಡ್ಡಿಯ ತುದಿಗೆ ಒಂದೊಂದಾಗಿ ಅಂಟಿಸಿಕೊಂಡರು. ಈ ಸಲ ಬೇರೆ ಗಾಜು ಬೆರೆಸಲಿಲ್ಲ. ಬಳೆಯ ಮೇಲಿನ ಚಿನ್ನದ ಬಣ್ಣ ಉರಿಯಲ್ಲಿ ಸುಟ್ಟುಹೋಯಿತು, ಹಸಿರು ಮಾತ್ರ ಉಳಿಯಿತು. ಮಾರನೆಯ ದಿನ ಕೈಗೆ ಬಂದದ್ದು ಗೋಲಿಸೋಡದ ಗೋಲಿಗಿಂತ ಚಿಕ್ಕದು. ಒಳಗೆ ಸಾಬಕ್ಕಿಗಿಂತ ಸಣ್ಣ ಗುಳ್ಳೆಗಳು, ಒಂದು ಕಡೆ ಒರಟು ಹೊಕ್ಕುಳು. ಆದರೆ ಸೀಳಿರಲಿಲ್ಲ.

ತಾಯಂದಿರಿಗೆ ಎಚ್ಚರಿಕೆ

ಈಗ ಮೊಬೈಲಿನಲ್ಲಿ ಇಂಥದೆಲ್ಲ ನೋಡಿ ಮಕ್ಕಳು ಗ್ಯಾಸ್ ಒಲೆಯ ಮೇಲೆ ಬಳೆ, ಬಾಟಲಿ ಚೂರು ಕಾಯಿಸಲು ಹೋಗುತ್ತಾರೆ. ಖಂಡಿತ ಬಿಡಬೇಡಿ. ನಾನು ಬಳೆ ಸರ ಮಾಡುವಾಗ ಸಿಡಿದ ಚೂರಿನ ಗೀರು ನನ್ನ ತಮ್ಮನ ಹುಬ್ಬಿನ ಮೇಲೆ ಇಂದಿಗೂ ಇದೆ. ಅರ್ಧ ಇಂಚು ಕೆಳಗೆ ಬಿದ್ದಿದ್ದರೆ ಕಣ್ಣು ಹೋಗುತ್ತಿತ್ತು. ಕಾದ ಗಾಜು ಕೆಂಪು ಆರಿದ ಮೇಲೆ ತಣ್ಣಗಿನ ಗಾಜಿನಂತೆಯೇ ಕಾಣುತ್ತದೆ, ಮುಟ್ಟಿದರೆ ಚರ್ಮ ಬರುತ್ತದೆ. ಕನ್ನಡಕ, ಕುಲುಮೆ, ಹೊಗೆ ಹೊರಗೆ ಹೋಗುವ ಏರ್ಪಾಡು, ಕಲಿಸುವ ಗುರು, ಈ ನಾಲ್ಕೂ ಇಲ್ಲದೆ ಇದು ಮನೆಯಲ್ಲಿ ಮಾಡುವ ಕೆಲಸವಲ್ಲ.

ಮನೆಗೆ ಬೇಕಾದ ಪಾಠ ಮಾತ್ರ ಇದರಲ್ಲಿದೆ. ಉಪ್ಪಿನಕಾಯಿಯ ಗಾಜಿನ ಜಾಡಿಗೆ ಬಿಸಿ ಒಗ್ಗರಣೆ ಸುರಿಯಬೇಡಿ, ಎಣ್ಣೆ ಪೂರಾ ಆರಲಿ. ಫ್ರಿಜ್ಜಿನಿಂದ ತೆಗೆದ ಗಾಜಿನ ಲೋಟಕ್ಕೆ ಕುದಿಯುವ ಹಾಲು ಬೇಡ. ಗೋಲಿ ಸೀಳಿದ್ದೂ ಲೋಟ ಸೀಳುವುದೂ ಈ ಹಿಗ್ಗು ಕುಗ್ಗಿನ ಎಳೆದಾಟದಿಂದಲೇ.

ಇನ್ನೊಂದು ಮಾತು. ಗಾಜಿನ ಬಳೆಗೆ ಹೆಸರಾದದ್ದು ಉತ್ತರ ಪ್ರದೇಶದ ಫಿರೋಜಾಬಾದ್. ಅಲ್ಲಿ ಕತ್ತರಿಸಿದ ಬಳೆಯ ಎರಡು ತುದಿಗಳನ್ನು ಪುಟ್ಟ ಉರಿಯಲ್ಲಿ ಕೂಡಿಸುವ ಕೆಲಸಕ್ಕೆ ಜುಡಾಯಿ ಅನ್ನುತ್ತಾರೆ. ಅದನ್ನು ಮನೆಗಳಲ್ಲಿ ಕೂತು ಮಾಡುವವರಲ್ಲಿ ಹೆಂಗಸರೇ ಬಹಳ. ನಾವು ತೊಡುವ ಬಳೆಯ ಬೆಸುಗೆಯಲ್ಲಿ ಯಾರೋ ಒಬ್ಬ ಸೋದರಿಯ ಕಣ್ಣಿನ ಶ್ರಮ ಇದೆ.

ಅಮ್ಮ ಏನಂದಳು

ಊರಿಗೆ ಬಂದು ನಾಲ್ಕು ದಿನ ಗೋಲಿಯನ್ನು ಸೆರಗಿನ ಗಂಟಿನಲ್ಲೇ ಇಟ್ಟುಕೊಂಡು ಓಡಾಡಿದೆ. ಅಮ್ಮ ನೊಂದುಕೊಂಡರೆ ಏನು ಮಾಡುವುದು? ಐದನೇ ದಿನ ಸಂಜೆ ಅವಳು ಅಕ್ಕಿ ಆರಿಸುತ್ತಿದ್ದಳು. ಮೊರದ ಪಕ್ಕ ಕೂತು ಅವಳ ಅಂಗೈಗೆ ಗೋಲಿ ಇಟ್ಟು ಎಲ್ಲ ಹೇಳಿದೆ, ಸೀಳಿದ್ದನ್ನೂ ಸೇರಿಸಿ.

ಅಮ್ಮ ಅದನ್ನು ದೀಪಕ್ಕೆ ಹಿಡಿದು ತಿರುಗಿಸಿ ನೋಡಿದಳು. "ಬೇಲೂರು ತೇರಿನಲ್ಲಿ ನಿಮ್ಮಪ್ಪ ಚೌಕಾಸಿ ಮಾಡ್ದೆ ಕೊಡಿಸಿದ್ದು ಒಂದೇ ಒಂದು ಸಲ ಕಣೇ, ಅದು ಈ ಬಳೆ" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಅವತ್ತು ಬಳೆ ಒಡೆದಿದ್ದು ನೋವಾಗಲಿಲ್ಲ. ನೀನು ಬಾಗಿಲ ಹಿಂದೆ ನಿಂತ್ಕೊಂಡು ನೋಡ್ತಿದ್ಯಲ್ಲ, ಅದಕ್ಕೆ ಸಂಕಟ ಆಯ್ತು" ಅಂದಳು. ನಾನು ನೋಡಿದ್ದು ಅವಳಿಗೆ ಗೊತ್ತಿತ್ತು ಅನ್ನುವುದು ನನಗೆ ಇಷ್ಟು ವರ್ಷ ಗೊತ್ತಿರಲಿಲ್ಲ. ಗೋಲಿ ಈಗ ಅವಳ ಎಲೆಅಡಿಕೆ ಚೀಲದಲ್ಲಿದೆ.

ಸೋದರಿಯರೇ, 2022ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಕೊಲ್ಲಾಪುರ ಜಿಲ್ಲೆಯ ಹೇರವಾಡ ಗ್ರಾಮ ಪಂಚಾಯತಿ, ಗಂಡ ಸತ್ತಾಗ ಬಳೆ ಒಡೆಯುವುದು, ಕುಂಕುಮ ಅಳಿಸುವುದು, ತಾಳಿ ತೆಗೆಯುವುದು ನಮ್ಮ ಊರಿನಲ್ಲಿ ಇನ್ನು ಬೇಡ ಅಂತ ಠರಾವು ಮಾಡಿತು. ನಮ್ಮ ಗಡಿಯಾಚೆಗಿನ ಊರೇ ಅದು. ಊರಿಗೆ ಊರೇ ಠರಾವು ಮಾಡುವ ತನಕ ನಾವು ಕಾಯಬೇಕೇ? ನಮ್ಮ ಮನೆಯಲ್ಲಿ ನಾನು ಈಗಲೇ ಹೇಳಿಟ್ಟಿದ್ದೇನೆ. ನಾಳೆ ಯಾರಿಗೆ ಏನೇ ಆಗಲಿ, ಬಳೆಗೆ ಯಾರೂ ಕೈ ಹಾಕಕೂಡದು. ನಮ್ಮ ಯಜಮಾನರು "ನನ್ನ ಎದುರಿಗೇ ಹೇಳ್ತೀಯಲ್ಲೇ!" ಅಂತ ನಕ್ಕರು. ನಾನು ನಗಲಿಲ್ಲ.

ನಿಮ್ಮ ಮನೆಯ ಹಿರಿಯರ ಜೊತೆ ಒಂದು ಸಂಜೆ ಕೂತು ಈ ಮಾತು ಎತ್ತಿ ನೋಡಿ. ಮುಂದಿನ ಸಂಚಿಕೆಯಲ್ಲಿ ಮಳೆಗಾಲಕ್ಕೆ ಕೆಡದ ಹಾಗೆ ನಿಂಬೆಕಾಯಿ ಉಪ್ಪಿನಕಾಯಿ ಹಾಕುವ ಬಗೆ ಹೇಳುತ್ತೇನೆ. ಗಾಜಿನ ಜಾಡಿ ತೊಳೆದು ಒಣಗಿಸಿಟ್ಟುಕೊಳ್ಳಿ.