ಎರಡನೆಯ ಬಾರಿಯ ಶಸ್ತ್ರಚಿಕಿತ್ಸೆ



ಕಳೆದ ಎರಡು ತಿಂಗಳು ಈ ಪುಟದಲ್ಲಿ ನನ್ನ ಬರಹವು ಕಾಣದೆ ಹೋದುದಕ್ಕೆ ಕಾರಣವೇನೆಂದು ಕೇಳಿ ಕೆಲವರು ಕಾಗದ ಬರೆದಿದ್ದರು. ಅವರಿಗೆಲ್ಲ “ಅಸ್ವಸ್ಥತೆ” ಎಂಬ ಒಂದೇ ಮಾತಿನಲ್ಲಿ ಉತ್ತರ ಕೊಟ್ಟೆನು. ಆ ಮಾತು ಸುಳ್ಳಲ್ಲ. ಆದರೆ ಪೂರ್ಣ ಸತ್ಯವೂ ಅಲ್ಲ. ಅರ್ಧವನ್ನು ಹೇಳಿ ಅರ್ಧವನ್ನು ನುಂಗುವ ಈ ಅಭ್ಯಾಸದಿಂದ ನನಗೆ ಒದಗಿದ ಕಷ್ಟವೇ ಈ ತಿಂಗಳ ವಿಷಯ. ಸ್ವಂತ ಸಂಗತಿಯನ್ನು ಎತ್ತಿದುದಕ್ಕಾಗಿ ವಾಚಕರು ಕ್ಷಮಿಸಬೇಕು. ಇಂಥ ಕಷ್ಟವು ಅನೇಕರ ಮನೆಗಳಲ್ಲಿ ಇರುವುದರಿಂದಲೂ, ಅಲ್ಲಿಯೂ ಅದು ಬಾಯಿ ಮುಚ್ಚಿಕೊಂಡೇ ಇರುವುದರಿಂದಲೂ ಬರೆಯಲು ಮನಸ್ಸು ಮಾಡಿದೆನು.

ಮೂರು ವರ್ಷಗಳ ಹಿಂದೆ ನನ್ನ ಸೊಂಟದ ಬೆನ್ನೆಲುಬಿಗೆ ಶಸ್ತ್ರಚಿಕಿತ್ಸೆಯಾಯಿತು. ಅದಕ್ಕೆ ಮೊದಲು ಬಲಗಾಲಿನುದ್ದಕ್ಕೂ ಕಾದ ಕಂಬಿಯನ್ನು ಎಳೆದಂತಹ ನೋವು ಇದ್ದಿತು. ಚಿಕಿತ್ಸೆಯಾದ ಮೇಲೆ ಅದು ಹೇಳಹೆಸರಿಲ್ಲದಂತೆ ಹೋಯಿತು. ದಿನವೂ ಬೆಳಗ್ಗೆ ಕೆರೆಯ ಏರಿಯ ಮೇಲೆ ನಡೆಯುತ್ತಿದ್ದೆನು. ಮೊಮ್ಮಗನನ್ನು ಶಾಲೆಗೆ ಬಿಟ್ಟು ಬರುತ್ತಿದ್ದೆನು. “ಗಂಡಾಂತರ ಕಳೆಯಿತು” ಎಂದು ಕಂಡವರೊಡನೆಲ್ಲ ಹೇಳಿಕೊಂಡದ್ದೂ ಉಂಟು. ಹೀಗಿರಲಾಗಿ, ಈ ವರ್ಷ ಯುಗಾದಿಗೆ ಮುಂಚೆ ಒಂದು ದಿನ, ಸ್ನಾನದ ಮನೆಯಲ್ಲಿ ಬಿದ್ದ ತಂಬಿಗೆಯನ್ನೆತ್ತಲು ಬಾಗಿದಾಗ ಅದೇ ನೋವು, ಅದೇ ಕಾಲಿನಲ್ಲಿ, ಹಳೆಯ ಸಾಲಗಾರನಂತೆ ಬಂದು ನಿಂತಿತು.

ನಾನು ಯಾರಿಗೂ ಹೇಳಲಿಲ್ಲ. ಕುಳಿತರೆ ನೋವು ಹೆಚ್ಚುತ್ತಿದ್ದುದರಿಂದ ಊಟಕ್ಕೆ ಕುಳಿತ ಐದು ನಿಮಿಷಕ್ಕೇ “ಹಸಿವಿಲ್ಲ” ಎಂದು ಏಳುತ್ತಿದ್ದೆನು. ಹೊರಗೆ ಹೋಗಬೇಕಾದಲ್ಲಿ ಬಿಸಿಲಿನ ನೆವ ಹೇಳುತ್ತಿದ್ದೆನು. ಹೀಗೆ ಏಳು ವಾರಗಳು ಕಳೆದುವು. ಒಂದು ಸಂಜೆ ಅಂಗಡಿಯಿಂದ ಮರಳುವಾಗ ಬಲಗಾಲಿನ ಚಪ್ಪಲಿಯು ಕಳಚಿ ಬೀದಿಯಲ್ಲಿ ಉಳಿದುದೇ ನನಗೆ ತಿಳಿಯಲಿಲ್ಲ. ಹಿಂದೆ ಬರುತ್ತಿದ್ದ ನನ್ನ ಪತ್ನಿಯು ಅದನ್ನು ಕೈಯಲ್ಲಿ ಹಿಡಿದು ಬಂದು ನನ್ನ ಮುಂದೆ ಇಟ್ಟಳು.

“ಎಷ್ಟು ದಿನದಿಂದ ಹೀಗಿದೆ?” ಎಂದು ಕೇಳಿದಳು.

“ಏನಿಲ್ಲ, ಚಪ್ಪಲಿ ಸಡಿಲವಾಗಿದೆ” ಎಂದೆನು.

“ಚಪ್ಪಲಿಯ ಮಾತು ನಾನು ಕೇಳಲಿಲ್ಲ. ಎಷ್ಟು ದಿನದಿಂದ?”

ಆಗ ಹೇಳಿದೆನು. ಆಕೆ ಅಳಲಿಲ್ಲ, ಗದರಿಸಲೂ ಇಲ್ಲ. “ನಾಳೆ ಬೆಳಗ್ಗೆ ಹೋಗೋಣ” ಎಂದಳು, ಅಷ್ಟೆ. ವೈದ್ಯರು ಪರೀಕ್ಷಿಸಿ, ಎಂ.ಆರ್.ಐ. ಚಿತ್ರವನ್ನು ತೆಗೆಯಿಸಿ ನೋಡಿ, “ಮೇಷ್ಟರೇ, ಹಿಂದೆ ಮಾಡಿದ ಜಾಗದಲ್ಲಿಯೇ ಡಿಸ್ಕು ಮತ್ತೆ ಹೊರಗೆ ಬಂದಿದೆ. ಪಾದದ ಶಕ್ತಿಯೂ ಕುಂದಿದೆ. ಮತ್ತೊಮ್ಮೆ ಶಸ್ತ್ರಚಿಕಿತ್ಸೆ ಬೇಕು” ಎಂದು ತಿಳಿಸಿದರು.

ಮೊದಲ ಬಾರಿಯ ಭಯವು ಅಜ್ಞಾನದ ಭಯ. ಏನಾಗುವುದೋ ತಿಳಿಯದು ಎಂಬುದು ಅದರ ಸ್ವರೂಪ. ಎರಡನೆಯ ಬಾರಿಯದು ಬೇರೆ. ಮೊದಲ ರಾತ್ರಿ ಹೇಗಿರುತ್ತದೆ, ಮಗ್ಗುಲಾಗಲು ಇನ್ನೊಬ್ಬರನ್ನು ಕರೆಯುವುದು ಹೇಗಿರುತ್ತದೆ, ಎಲ್ಲವೂ ಈಗ ತಿಳಿದಿದೆ. ಅದರ ಮೇಲೆ ನಾಚಿಕೆಯು ಸೇರುತ್ತದೆ: “ಇಷ್ಟು ಹಣ, ಇಷ್ಟು ಮಂದಿಯ ಶುಶ್ರೂಷೆ, ಎಲ್ಲವನ್ನೂ ನಾನು ಹಾಳುಮಾಡಿದೆನು” ಎಂದು. ಕೋಪವು ಸೇರುತ್ತದೆ, ಅದು ಯಾರ ಮೇಲೆಂದು ತಿಳಿಯದೆ ಮನೆಯವರ ಮೇಲೆ ಬೀಳುತ್ತದೆ. ಎಲ್ಲಕ್ಕಿಂತ ಕಠಿನವಾದುದು, ಮತ್ತೊಮ್ಮೆ ಆಸೆಪಡುವುದಕ್ಕೇ ಮನಸ್ಸು ಹೆದರುವುದು. ನಾನು ಏಳು ವಾರ ಮುಚ್ಚಿಟ್ಟದ್ದು ನೋವನ್ನಲ್ಲ, ಈ ನಾಚಿಕೆಯನ್ನು, ಎಂಬುದು ನನಗೆ ಆಮೇಲೆ ಹೊಳೆಯಿತು.

ಈ ನಾಚಿಕೆಗೆ ಆಧಾರವಿದೆಯೇ ಎಂದು ವೈದ್ಯರನ್ನೇ ಕೇಳಿದೆನು. ಅವರು ವಿವರಿಸಿದುದನ್ನು ಸಂಗ್ರಹವಾಗಿ ತಿಳಿಸುತ್ತೇನೆ. ನಮ್ಮ ಬೆನ್ನೆಲುಬಿನಲ್ಲಿ ಹುಟ್ಟಿದಾಗ 33 ಮೂಳೆಗಳು. ಕೆಳಗಿನವು ಬೆಳೆಯುತ್ತ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಮೇಲಿನ 24 ಅಲುಗಾಡತಕ್ಕವು. ಇವುಗಳ ನಡುನಡುವೆ ಮೆತ್ತೆಗಳಂತೆ ಇರುವುವೇ ಡಿಸ್ಕುಗಳು. ಅದರ ಹೊರಗವಚವು ಬಿರಿದು ಒಳಗಿನ ಮೃದುಭಾಗವು ಹೊರಬಿದ್ದು ನರದ ಬೇರನ್ನು ಒತ್ತಿದರೆ ಕಾಲಿನಲ್ಲಿ ನೋವು ಇಳಿಯುತ್ತದೆ. ನಮ್ಮ ಪ್ರಾಚೀನರು ಈ ತೆರನಾದ ಕಾಲುನೋವನ್ನು ಗೃಧ್ರಸಿಯೆಂದು ಕರೆದರು. ಅದಕ್ಕೆ ಡಿಸ್ಕು ಕಾರಣವಾಗಬಲ್ಲುದೆಂದು ಶಸ್ತ್ರಚಿಕಿತ್ಸೆಯ ಮೂಲಕ ಸ್ಪಷ್ಟವಾಗಿ ತೋರಿಸಿ, 1934ರಲ್ಲಿ ಬರೆದು ಪ್ರಕಟಿಸಿದವರು ಅಮೆರಿಕೆಯ ಬಾಸ್ಟನ್ ನಗರದ ಮಿಕ್ಸ್ಟರ್ ಮತ್ತು ಬಾರ್ ಎಂಬ ವೈದ್ಯರು.

ಶಸ್ತ್ರವೈದ್ಯನು ನರವನ್ನು ಒತ್ತುತ್ತಿರುವ ತುಂಡನ್ನು ತೆಗೆಯುತ್ತಾನೆಯೇ ಹೊರತು ಇಡಿಯ ಡಿಸ್ಕನ್ನು ಸಾಮಾನ್ಯವಾಗಿ ತೆಗೆಯುವುದಿಲ್ಲ. ಉಳಿದ ಭಾಗವು ಅಲ್ಲಿಯೇ ಇರುತ್ತದೆ. ಬಿರಿದ ಬಾಗಿಲು ಎಂದಾದರೂ ಮತ್ತೆ ತೆರೆಯಬಹುದು. ಅಮೆರಿಕೆಯಲ್ಲಿ ‘ಸ್ಪೋರ್ಟ್’ ಎಂಬ ಹೆಸರಿನಿಂದ ನಡೆದ ದೊಡ್ಡ ಅಧ್ಯಯನದಲ್ಲಿ, ಸೊಂಟದ ಡಿಸ್ಕಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರ ಪೈಕಿ 8 ವರ್ಷಗಳೊಳಗೆ ನೂರಕ್ಕೆ ಸುಮಾರು 15 ಮಂದಿಗೆ ಮತ್ತೊಂದು ಬೇಕಾಯಿತು. ನೂರು ಹುಡುಗರ ತರಗತಿಯಲ್ಲಿ ಹದಿನೈದು ಮಂದಿ ಎರಡನೆಯ ಬಾರಿ ಪರೀಕ್ಷೆಗೆ ಕುಳಿತರೆ ಅದನ್ನು ಯಾವ ಉಪಾಧ್ಯಾಯನೂ ಅಪೂರ್ವವೆನ್ನಲಾರನು. ತಂಬಿಗೆಯನ್ನು ಎತ್ತಿದುದು ನನ್ನ ಅಪರಾಧವಲ್ಲ. ಅದಿಲ್ಲದಿದ್ದರೆ ಒಂದು ಸೀನು ಸಾಕಾಗುತ್ತಿತ್ತು ಎಂದು ವೈದ್ಯರು ನಕ್ಕರು.

ಪದಗಳ ವ್ಯಾಪಾರದಲ್ಲಿ ಬಾಳನ್ನು ಸವೆಸಿದವನಾದುದರಿಂದ ಇನ್ನೊಂದು ಸಂಗತಿಯು ನನ್ನ ಮನಸ್ಸನ್ನು ಹಿಡಿಯಿತು. ಶಸ್ತ್ರಚಿಕಿತ್ಸೆಯ ಬಳಿಕವೂ ನೋವು ಉಳಿದರೆ ಅಥವಾ ಮರಳಿದರೆ ಅದಕ್ಕೆ ಬಹುಕಾಲದಿಂದ ವೈದ್ಯರು ಇಟ್ಟಿದ್ದ ಹೆಸರಿನ ಅರ್ಥ, “ವಿಫಲವಾದ ಬೆನ್ನಿನ ಶಸ್ತ್ರಚಿಕಿತ್ಸೆಯ ಲಕ್ಷಣಕೂಟ” ಎಂದು. ಆ ‘ವಿಫಲ’ ಎಂಬ ಶಬ್ದವನ್ನು ಕೇಳಿದ ರೋಗಿಯು, ವಿಫಲನಾದವನು ತಾನೇ ಎಂದುಕೊಳ್ಳುವನು. 2021ರಲ್ಲಿ ತಜ್ಞರ ಒಂದು ತಂಡವು ಆ ಹೆಸರನ್ನು ಬಿಟ್ಟು “ಉಳಿದಿರುವ ಬೆನ್ನೆಲುಬಿನ ನೋವು” ಎಂಬರ್ಥದ ಹೆಸರನ್ನು ಬಳಸಬೇಕೆಂದು ಸೂಚಿಸಿತು. ವೈದ್ಯಶಾಸ್ತ್ರವೇ ತನ್ನ ಬಾಯಿಂದ ತೆಗೆಯಲು ಹೊರಟ ಶಬ್ದವನ್ನು ನಾವು ನಮ್ಮ ಮನೆಗಳಲ್ಲಿ ಉಳಿಸಿಕೊಳ್ಳುವುದೇಕೆ?

ಇನ್ನು ಧೈರ್ಯದ ಮಾತು. ನೋಡಲು ಬಂದವರೆಲ್ಲರೂ “ಧೈರ್ಯವಾಗಿರಿ” ಎನ್ನುತ್ತಾರೆ. ಹಾಗೆಂದರೆ ಏನೆಂದು ಯಾರೂ ಹೇಳುವುದಿಲ್ಲ. ಚರಕಸಂಹಿತೆಯಲ್ಲಿ ಚಿಕಿತ್ಸೆಗೆ ವೈದ್ಯ, ಔಷಧ, ಪರಿಚಾರಕ, ರೋಗಿ ಎಂದು ನಾಲ್ಕು ಪಾದಗಳನ್ನು ಹೇಳಿ, ಒಂದೊಂದಕ್ಕೂ ನಾಲ್ಕು ಗುಣಗಳನ್ನು ಹೇಳಿದೆ. ರೋಗಿಯ ಗುಣಗಳು ಯಾವುವೆಂದರೆ: ಸ್ಮೃತಿ, ವೈದ್ಯನು ಹೇಳಿದಂತೆ ನಡೆಯುವುದು, ಅಭೀರುತ್ವ, ಮತ್ತು ಜ್ಞಾಪಕತ್ವ. ಈ ಕೊನೆಯದಕ್ಕೆ ನಾವು ಕನ್ನಡದಲ್ಲಿ ಬಳಸುವ ನೆನಪು ಎಂಬ ಅರ್ಥವಲ್ಲ. ತನ್ನ ರೋಗವನ್ನು ಇತರರಿಗೆ ತಿಳಿಯಪಡಿಸುವ ಸಾಮರ್ಥ್ಯವೆಂದು ಅರ್ಥ. ಎಷ್ಟೋ ವರ್ಷಗಳ ಹಿಂದೆ ಓದಿದ ಈ ಮಾತು ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತಿದ್ದಾಗ ನೆನಪಾಯಿತು. ಅಂಜದಿರುವುದನ್ನೂ ತೆರೆದು ಹೇಳುವುದನ್ನೂ ಆಚಾರ್ಯರು ಒಂದೇ ಸಾಲಿನಲ್ಲಿ ನಿಲ್ಲಿಸಿದ್ದಾರೆ. ನಾನಾದರೋ ಹೇಳದೆ ಇರುವುದೇ ಅಂಜದಿರುವುದೆಂದು ಭ್ರಮಿಸಿ, ಪಾದದ ಶಕ್ತಿಯನ್ನು ಏಳು ವಾರಗಳ ಕಾಲ ಸೋರಿಹೋಗಲು ಬಿಟ್ಟೆನು.

ಇದೇ ಭ್ರಮೆಯು ದೊಡ್ಡವರಿಗೂ ಉಂಟು. ಅಮೆರಿಕೆಯ ಅಧ್ಯಕ್ಷರಾಗಿದ್ದ ಜಾನ್ ಎಫ್. ಕೆನಡಿಯವರ ಬೆನ್ನಿಗೆ 1944, 1954, 1955, 1957, ಹೀಗೆ ನಾಲ್ಕು ಬಾರಿ ಶಸ್ತ್ರಚಿಕಿತ್ಸೆಯಾಯಿತು. 1954ರಲ್ಲಿ ಸೋಂಕು ತಗಲಿ ಪ್ರಾಣಕ್ಕೇ ಅಪಾಯ ಬಂದಿತ್ತು. ಅವರು ತಮ್ಮ ನೋವಿನ ಪ್ರಮಾಣವನ್ನು ಜನರಿಗೆ ತಿಳಿಯಗೊಡಲಿಲ್ಲ. 1963ರಲ್ಲಿ ಅವರು ಗತಿಸಿ ಎಷ್ಟೋ ವರ್ಷಗಳಾದ ಮೇಲೆ ದಾಖಲೆಗಳಿಂದ ಲೋಕಕ್ಕೆ ಅದರ ವಿವರ ತಿಳಿಯಿತು. ಅಧ್ಯಕ್ಷರಾದ ಮೇಲೆ, 1961ರಲ್ಲಿ, ಹಾನ್ಸ್ ಕ್ರಾಸ್ ಎಂಬ ವೈದ್ಯರು ಕಲಿಸಿದ ಕ್ರಮವಾದ ವ್ಯಾಯಾಮದಿಂದ ಅವರಿಗೆ ಗಣನೀಯ ಸುಧಾರಣೆಯುಂಟಾಯಿತು. ಚುನಾವಣೆಗೆ ನಿಲ್ಲತಕ್ಕವರಿಗೆ ಮುಚ್ಚಿಡುವ ಕಾರಣವಿದ್ದೀತು. ಅಡಿಗೆಯ ಮನೆಯಲ್ಲಿ ನಿಂತು “ಹಸಿವಿಲ್ಲ” ಎನ್ನುವ ನಮಗೆ ಯಾವ ಚುನಾವಣೆಯಿದೆ?

ಆದುದರಿಂದ, ಇಂಥ ಸ್ಥಿತಿಯಲ್ಲಿರುವವರಿಗೆ ನನ್ನ ಅನುಭವದಿಂದ ನಾಲ್ಕು ಮಾತು ಹೇಳುತ್ತೇನೆ.

ಮೊದಲನೆಯದು, ಆಸೆಯನ್ನು ಅಳತೆಮಾಡಿ ಇಟ್ಟುಕೊಳ್ಳುವುದು. “ವಾಸಿಯಾಗುವುದೇ?” ಎಂಬ ಒಂದೇ ಪ್ರಶ್ನೆಗೆ ಯಾವ ವೈದ್ಯನೂ ಉತ್ತರ ಹೇಳಲಾರನು. ಅದನ್ನು ನಾನು ಬಿಡಿಸಿ ಕೇಳಿದೆನು. ಕಾಲಿನ ನೋವು ಇಳಿಯುವ ಸಂಭವವು ಚೆನ್ನಾಗಿದೆ. ಸೊಂಟದ ನೋವು ಸ್ವಲ್ಪ ಉಳಿಯಬಹುದು. ಪಾದದ ಶಕ್ತಿಯು ನಿಧಾನವಾಗಿ ಬಂದೀತು, ಪೂರ್ತಿ ಬಾರದೆಯೂ ಇರಬಹುದು. ಹಳೆಯ ಗಾಯದ ಕಲೆಯು ನರದ ಸುತ್ತ ಅಂಟಿಕೊಂಡಿರುವುದರಿಂದ ಈ ಬಾರಿಯ ಕೆಲಸವು ಮೊದಲಿಗಿಂತ ಸೂಕ್ಷ್ಮ, ನರಗಳ ಹೊದಿಕೆಯು ಹರಿಯುವ ಅಪಾಯವೂ ಸ್ವಲ್ಪ ಹೆಚ್ಚು. ಇದನ್ನೆಲ್ಲ ಕೇಳಿ ನಾನು ಕುಗ್ಗುವೆನೆಂದು ಮಗನು ಹೆದರಿದ್ದನು. ಆದುದು ವಿಪರೀತ. ಅಳತೆಯಿಲ್ಲದ ಆಸೆಯು ಹೊರಲಾರದ ಹೊರೆ, ಅಳತೆಯಾದುದನ್ನು ಹೊರಬಹುದು. ಅವಸರವಿಲ್ಲದಿದ್ದಲ್ಲಿ ಇನ್ನೊಬ್ಬ ವೈದ್ಯರ ಅಭಿಪ್ರಾಯವನ್ನು ಪಡೆಯುವುದು ಅವಿಶ್ವಾಸವಲ್ಲ, ನಾನೂ ಪಡೆದೆನು.

ಎರಡನೆಯದು, ಹೇಳಿಕೊಳ್ಳುವುದು. ನಾನು ಒಂದು ನೋಟುಪುಸ್ತಕದಲ್ಲಿ ದಿನವೂ ಮೂರು ಸಾಲು ಬರೆಯುತ್ತೇನೆ: ನೋವು ಎಲ್ಲಿ ಎಷ್ಟು, ಏನು ಮಾಡಿದೆ, ಯಾವುದಕ್ಕೆ ಹೆದರಿದೆ. ಮೂರನೆಯ ಸಾಲನ್ನು ಬರೆಯುವುದು ಮೊದಲು ಬಹಳ ಕಷ್ಟವಾಯಿತು. ಈಗ ಆ ಪುಸ್ತಕವನ್ನು ಮನೆಯಾಕೆಯೂ ಓದುತ್ತಾಳೆ. ರಾತ್ರಿ ಮೂರು ಗಂಟೆಗೆ ಬೆಟ್ಟದಂತೆ ನಿಲ್ಲುವ ಭಯವು ಬೆಳಗ್ಗೆ ಕಾಗದದ ಮೇಲೆ ಒಂದು ಸಾಲು ಮಾತ್ರ.

ಮೂರನೆಯದು, ಮನಸ್ಸಿನ ನೋವಿಗೂ ವೈದ್ಯರಿದ್ದಾರೆಂಬುದನ್ನು ಮರೆಯದಿರುವುದು. ಶಸ್ತ್ರಚಿಕಿತ್ಸೆಗೆ ಮೊದಲೇ ಇರುವ ಖಿನ್ನತೆ, ಉದ್ವೇಗಗಳು ಚೇತರಿಕೆಯನ್ನು ತಡಮಾಡಬಹುದೆಂದು ಅಧ್ಯಯನಗಳು ತೋರಿಸಿವೆ. ನಿದ್ದೆ, ಹಸಿವು, ಮಾತು ಇವು ವಾರಗಟ್ಟಲೆ ಬಿಟ್ಟುಹೋದರೆ, ಬಾಳೇ ಬೇಡವೆನಿಸಿದರೆ, ಕೂಡಲೇ ಹೇಳಬೇಕು. ಭಾರತ ಸರಕಾರವು 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ ಮಾನಸ್ ಎಂಬ ದೂರವಾಣಿ ಸೇವೆಯ ಸಂಖ್ಯೆ 14416. ಅಲ್ಲಿ ಹಣ ಕೊಡದೆ ಕನ್ನಡದಲ್ಲಿಯೇ ಮಾತನಾಡಬಹುದು.

ನಾಲ್ಕನೆಯದು ಎಚ್ಚರಿಕೆ. ಮೂತ್ರ ಮಲಗಳ ಹಿಡಿತ ತಪ್ಪಿದರೆ, ಮೂತ್ರವು ಕಟ್ಟಿದರೆ, ಆಸನದ ಭಾಗವು ಮರಗಟ್ಟಿದರೆ, ಕಾಲಿನ ಶಕ್ತಿಯು ಬೇಗಬೇಗನೆ ಇಳಿದರೆ, ಅದು ಯೋಚನೆಗೂ ಸಂಕೋಚಕ್ಕೂ ಸಮಯವಲ್ಲ. ಆ ಗಳಿಗೆಯಲ್ಲಿಯೇ ಆಸ್ಪತ್ರೆಗೆ ಹೋಗತಕ್ಕದ್ದು.

ಮನೆಯವರಿಗೂ ನೆಂಟರಿಗೂ ಒಂದು ಬಿನ್ನಹ. ಚರಕರು ಪರಿಚಾರಕನಿಗೆ ಹೇಳಿದ ಗುಣಗಳಲ್ಲಿ ಉಪಚಾರದ ತಿಳಿವು, ದಕ್ಷತೆ, ಶುಚಿತ್ವ ಇವುಗಳ ಜೊತೆಗೆ ಅನುರಾಗವೂ ಒಂದು. ಉಪದೇಶವು ಆ ಪಟ್ಟಿಯಲ್ಲಿಲ್ಲ. “ಎರಡನೆಯ ಸಲ ಮಾಡಿಸಿದವರು ಎದ್ದುದನ್ನೇ ನಾನು ಕಂಡಿಲ್ಲ” ಎಂದು ಒಬ್ಬರು ನನ್ನ ಮಂಚದ ಪಕ್ಕದಲ್ಲಿಯೇ ಕುಳಿತು ಕಾಫಿ ಕುಡಿಯುತ್ತ ಹೇಳಿಹೋದರು. “ಏನೂ ಆಗುವುದಿಲ್ಲ ಬಿಡಿ” ಎಂದು ಮತ್ತೊಬ್ಬರು ನನ್ನ ಮಾತನ್ನು ಅರ್ಧದಲ್ಲಿಯೇ ಕಡಿದರು. ಇಬ್ಬರೂ ಒಳ್ಳೆಯವರೇ, ಆದರೆ ಇಬ್ಬರೂ ಕೇಳಲಿಲ್ಲ. ಇದಕ್ಕೆ ಬದಲಾಗಿ ಎದುರುಮನೆಯ ಹುಡುಗನು ಬಂದು, “ಮೇಷ್ಟರೇ, ನೀವು ಆಸ್ಪತ್ರೆಯಲ್ಲಿರುವಷ್ಟು ದಿನ ನಿಮ್ಮ ಮೊಮ್ಮಗನನ್ನು ಶಾಲೆಗೆ ನಾನು ಬಿಡುತ್ತೇನೆ” ಎಂದನು. ಆ ರಾತ್ರಿ ನಾನು ಚೆನ್ನಾಗಿ ಮಲಗಿದೆನು.

ಈ ಸಂಚಿಕೆಯು ತಮ್ಮ ಕೈಸೇರುವ ವೇಳೆಗೆ ನನ್ನ ಶಸ್ತ್ರಚಿಕಿತ್ಸೆಯು ಆಗಿಹೋಗಿರುತ್ತದೆ. ಫಲವೇನೆಂದು ಇಂದು ಬರೆಯಲಾರೆನು. ಭಯವು ಹೋಯಿತೆಂದು ಹೇಳಿದರೆ ಮತ್ತೆ ಅರ್ಧಸತ್ಯವಾದೀತು; ಭಯವು ಇದೆ. ಸಂಸ್ಕೃತದಲ್ಲಿ ಧೃತಿಯೆಂಬ ಶಬ್ದವು ಹಿಡಿಯುವುದು, ಹೊರುವುದು ಎಂಬರ್ಥದ ‘ಧೃ’ ಧಾತುವಿನಿಂದ ಬಂದುದು. ಭಯವಿಲ್ಲದಿರುವುದೆಂದು ಅದರ ಅರ್ಥವಲ್ಲ. ಭಯವಿದ್ದಾಗ ಬಿಡದೆ ಹಿಡಿದಿರುವುದು. ಒಬ್ಬನೇ ಹಿಡಿಯಬೇಕೆಂದು ಯಾವ ವೈಯಾಕರಣನೂ ವಿಧಿಸಿಲ್ಲ.

ಒಂದು ಕೋರಿಕೆಯಿಂದ ಮುಗಿಸುತ್ತೇನೆ. ತಮ್ಮ ಮನೆಯಲ್ಲಿ ಯಾರಾದರೂ ಕುಂಟುತ್ತ ಬಂದು “ಏನಿಲ್ಲ” ಎಂದರೆ, ದಯವಿಟ್ಟು ಇನ್ನೊಂದು ಸಲ ಕೇಳಿರಿ.